ಆಡು ಮೇಲೆ ನೋಡುವುದಿಲ್ಲ

‘ಮಾಮಾ, ಫ್ಲೊರೀಡಾ ಬೆಟ್ಟದ ಪರ್ಮಿಟ್ ಬಂತು’ ಎಂದು ಅಕ್ಕನ ಮಗ ಫೋನಿನಲ್ಲಿ ಕೂಗಿದಾಗ ನನಗಿಂತ ಹೆಚ್ಚು ಹಿಗ್ಗಿದ್ದು ಅಕ್ಕ. ಮಗ ರಜೆಗೆ ಸಮುದ್ರದ ದಂಡೆಗೆ ಹೊರಟ ಅಂತ ಆಕೆ ತಿಳಿದಿದ್ದಳು. ಬಿಡಿಸಿ ಹೇಳುವ ಪಾಳಿ ನನ್ನ ಪಾಲಿಗೆ ಬಂತು. ಇದು ಸಮುದ್ರದ ಫ್ಲಾರಿಡಾ ಅಲ್ಲವೇ ಅಕ್ಕಾ, ನ್ಯೂ ಮೆಕ್ಸಿಕೊ ರಾಜ್ಯದ ದಕ್ಷಿಣದ ತುದಿಯಲ್ಲಿ, ಡೆಮಿಂಗ್ ಅನ್ನುವ ಊರಿನ ಆಗ್ನೇಯಕ್ಕೆ, ಬಟಾಬಯಲು ಮರುಭೂಮಿಯ ನಡುವೆ ಹಣಿಗೆಯ ಹಲ್ಲಿನ ಹಾಗೆ ಎದ್ದ ಬೆಟ್ಟಸಾಲು. ನೆತ್ತಿ ಸುಮಾರು 2,270 ಮೀಟರ್. ಅಲ್ಲಿ ಇವನು ಬಿಲ್ಲು ಹಿಡಿದು ಐಬೆಕ್ಸ್ ಅನ್ನುವ ಕಾಡಾಡಿನ ಬೇಟೆಗೆ ಹೋಗುತ್ತಾನೆ. ಅಕ್ಕ ಫೋನನ್ನು ನನ್ನ ಕೈಗಿಟ್ಟು ಅಡುಗೆಮನೆಗೆ ಹೋದಳು. ಬೈಲಹೊಂಗಲದ ನಮ್ಮ ಮನೆಯ ಹೊಸ್ತಿಲನ್ನು ಇವತ್ತಿನವರೆಗೆ ಒಂದು ತತ್ತಿ ಕೂಡ ದಾಟಿಲ್ಲ.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. ಈ ಅಂಕಣದ ಹಳೆಯ ಓದುಗರಿಗೆ ಗೊತ್ತು, ಇಪ್ಪತ್ತು ವರ್ಷದಿಂದ ಬಿಲ್ಲು ಎಳೆಯುತ್ತಿದ್ದರೂ ನಾನು ಕೊಂದದ್ದು ಗೋಣಿಚೀಲಗಳನ್ನು ಮಾತ್ರ. ಬೇಟೆ ಸರಿಯೋ ತಪ್ಪೋ ಅನ್ನುವ ಪಂಚಾಯ್ತಿಗೆ ಕೂರುವುದಿಲ್ಲ. ಆದರೆ ಹುಡುಗ ನನ್ನ ಹತ್ತಿರ ಕೇಳಿದ್ದು ಬಿಲ್ಲಿನ ಮಾತು. ಅದಕ್ಕೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಈ ಐಬೆಕ್ಸ್ ಅಮೆರಿಕದ್ದಲ್ಲ. ಇರಾನಿನ ಬೆಟ್ಟಗಳ ತಳಿ. 1970ರಲ್ಲಿ ನ್ಯೂ ಮೆಕ್ಸಿಕೊದ ಬೇಟೆ ಇಲಾಖೆಯವರು ಫ್ಲೊರೀಡಾ ಬೆಟ್ಟದಲ್ಲಿ ತಂದು ಬಿಟ್ಟರು. ಸುತ್ತ ಮರಳುಗಾಡು, ನಡುವೆ ಒಂಟಿ ಬೆಟ್ಟ, ಆಡುಗಳು ಅಲ್ಲೇ ನಿಂತವು. ನೆರೆಯ ಬೆಟ್ಟಗಳಿಗೆ ಹಬ್ಬಿ ಅಲ್ಲಿನ ಸ್ವಂತ ಕಾಡುಕುರಿಗಳಿಗೆ ತೊಂದರೆಯಾಗಬಾರದು ಎಂದು, ಬೆಟ್ಟ ಬಿಟ್ಟು ಹೊರಬಿದ್ದ ಐಬೆಕ್ಸ್‌ಗೆ ಬೇರೆಯದೇ ಪರವಾನಗಿ ಇಟ್ಟಿದ್ದಾರೆ. ಬೆಟ್ಟದೊಳಗಿನ ಬೇಟೆಗೆ ಲಾಟರಿ. ಲಾಸ್ ಕ್ರೂಸೆಸ್‌ನಲ್ಲಿ ಎಂಜಿನಿಯರಾಗಿರುವ ನಮ್ಮ ಹುಡುಗನಿಗೆ ನಾಲ್ಕನೆಯ ವರ್ಷಕ್ಕೆ ಚೀಟಿ ಎದ್ದಿದೆ. ಬಂದೂಕಿನವರ ಮಾತು ಬೇರೆ. ಬಿಲ್ಲಿನವರಲ್ಲಿ ಹೆಚ್ಚಿನವರು ಅಲ್ಲಿಂದ ಬರಿಗೈಯಲ್ಲಿ, ಮೊಣಕಾಲು ಕೆತ್ತಿಸಿಕೊಂಡು ಬರುತ್ತಾರೆ.

ಆಡು ಅಂದೆನಲ್ಲ, ಅದು ಮಾತಿಗೆ ಹೇಳಿದ್ದಲ್ಲ. ಈ ಇರಾನಿ ಕಾಡಾಡಿನಿಂದಲೇ ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಝಾಗ್ರೋಸ್ ಬೆಟ್ಟಗಳ ಕಡೆ ಮನುಷ್ಯ ಆಡು ಸಾಕಲು ಕಲಿತದ್ದು. ನಮ್ಮ ರಾಮದುರ್ಗದ ಸಂತೆಯಲ್ಲಿ ಹಗ್ಗ ಜಗ್ಗಿಕೊಂಡು ನಿಂತ ಕರಿ ಹೋತನಿಗೆ ಆ ಐಬೆಕ್ಸ್ ಮುತ್ತಜ್ಜ. ಗಡ್ಡ ಅದೇ, ಕಣ್ಣು ಅದೇ, ಕಲ್ಲಿನ ಮೇಲೆ ನಾಲ್ಕು ಕಾಲು ಕೂಡಿಸಿ ನಿಲ್ಲುವ ಸೊಕ್ಕೂ ಅದೇ. ಕೋಡು ಮಾತ್ರ ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗಿ ಒಂದು ಮೀಟರ್ ದಾಟುತ್ತದೆ.

ಹುಡುಗ ದೀಪಾವಳಿಗೆ ಊರಿಗೆ ಬಂದ. ಬೇಟೆಯ ಯೋಜನೆ ಅಂತ ಫೋನಿನಲ್ಲಿ ಒಂದು ಪಟ್ಟಿ ತೋರಿಸಿದ. ಎಪ್ಪತ್ತು ಪೌಂಡಿನ ಕಾಂಪೌಂಡ್ ಬಿಲ್ಲು, ಇಂಗಾಲದ ಬಾಣ, ಲೇಸರ್ ದೂರಮಾಪಕ, ವಾಸನೆ ಅಡಗಿಸುವ ಸೋಪು, ಕಲ್ಲಿನ ಬಣ್ಣದ ಅಂಗಿ. ನಲವತ್ತು ಬಾಬತ್ತು ಇದ್ದವು. ಅದರಲ್ಲಿ ಆಡಿನ ಬಗ್ಗೆ ಒಂದೂ ಇರಲಿಲ್ಲ. ‘ಇದು ಯೋಜನೆ ಅಲ್ಲಪಾ, ಅಂಗಡಿ ಬಿಲ್ಲು’ ಅಂದೆ. ಮಾರನೆಯ ದಿನ ಅಕ್ಕನ ಒತ್ತಾಯಕ್ಕೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದೆವು. ಅದರ ಮಾರನೆಯ ನಸುಕಿನಲ್ಲಿ ಅವನನ್ನು ಕರೆದುಕೊಂಡು ಸುರೇಬಾನದ ದಾರಿ ಹಿಡಿದೆ.

ಸುರೇಬಾನದ ಹತ್ತಿರದ, ರಾಮದುರ್ಗ ತಾಲ್ಲೂಕಿನ ಶಬರಿಕೊಳ್ಳ ಓದುಗರಿಗೆ ಗೊತ್ತಿದ್ದೇ ಇರುತ್ತದೆ. ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎಂದು ನಂಬುವ ಜಾಗ. ಬೋಳು ಗುಡ್ಡಗಳ ಮಡಿಲಲ್ಲಿ ನೀರಿನ ಒರತೆ. ಸುತ್ತಲಿನ ಗುಡ್ಡಗಳು ಕೆಂಪು ಮರಳುಗಲ್ಲಿನವು. ಮೇಲೆ ಗೋಡೆಯ ಹಾಗೆ ಬಂಡೆಯ ಸೆರಗು, ಕೆಳಗೆ ಕಾಲಿಟ್ಟರೆ ಜಾರುವ ಗರಸು, ನಡುನಡುವೆ ಪಾಪಾಸುಕಳ್ಳಿ. ಫ್ಲೊರೀಡಾ ಬೆಟ್ಟದ ಚಿತ್ರ ನೋಡಿದಾಗ ನನಗೆ ಮೊದಲು ನೆನಪಾದದ್ದು ಇದೇ ಗುಡ್ಡ. ಪಾಪಾಸುಕಳ್ಳಿಯಂತೂ ಮೂಲದಲ್ಲಿ ಅಮೆರಿಕದ್ದೇ. ಅವರು ನಮಗೆ ಕಳ್ಳಿ ಕೊಟ್ಟರು, ನಾವು ಅವರಿಗೆ ಎಂಜಿನಿಯರುಗಳನ್ನು ಕೊಟ್ಟೆವು.

ಅಲ್ಲಿ ಆಡು ಕಾಯುವ ಅಜ್ಜ ಒಬ್ಬರು ನನಗೆ ಹಳೆಯ ಪರಿಚಯ. ಅರವತ್ತು ಆಡು, ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು. ಹುಡುಗ ಬಂದ ಕಾರಣ ಹೇಳಿದೆ. ಅಜ್ಜ ಅವನ ಬೂಟನ್ನೇ ನೋಡುತ್ತ ನಿಂತರು. ‘ಅಲ್ಲೂ ಆಡs ಏನ್ರಿ?’ ಅಂದರು. ಹೌದು ಅಂದೆ. ‘ಹಂಗಾರ ಮ್ಯಾಲೆ ಹತ್ತ್ರಿ. ಆಡು ಮ್ಯಾಲೆ ನೋಡಂಗಿಲ್ಲ, ಕೆಳಗ ನೋಡತೈತಿ. ತ್ವಾಳ ಯಾವಾಗಲೂ ಕೆಳಗಿಂದ ಬರತೈತಿ ಅಂತ ಅದರ ತಲ್ಯಾಗ.’

ಬಿಲ್ಲಿನ ಬೆಟ್ಟದ ಬೇಟೆಗೆ ಬೇಕಾದ ಅರ್ಧ ಪಾಠ ಆ ಮಾತಿನಲ್ಲಿತ್ತು. ಉಳಿದರ್ಧವನ್ನು ಅಜ್ಜ ಹೇಳಲಿಲ್ಲ, ಆಡುಗಳು ತೋರಿಸಿದವು. ಕೋಡಿನ ದೊಡ್ಡ ಹೋತನನ್ನೇ ಹುಡುಗ ಬೈನಾಕ್ಯುಲರಿನಲ್ಲಿ ಹಿಂಬಾಲಿಸುತ್ತಿದ್ದ. ಹಿಂಡಿನ ಮುಂದೆ ಹೋಗುತ್ತಿದ್ದದ್ದು ಒಂದು ಕಿವಿ ಹರಿದ ಮುದಿ ಆಡು. ಅದು ನಿಂತರೆ ಎಲ್ಲ ನಿಂತವು, ಅದು ಸೀನಿದ ಹಾಗೆ ಸದ್ದು ಮಾಡಿದರೆ ಅರವತ್ತು ತಲೆ ಒಮ್ಮೆಲೇ ಎದ್ದವು. ಹೋತ ಮೇಯುತ್ತಲೇ ಇದ್ದ. ಕಾವಲು ಯಾರದು ಅಂತ ಗೊತ್ತಾಗದೆ ಕೋಡಿನ ಹಿಂದೆ ಹೋದವನನ್ನು ಯಾವುದೋ ಮುದಿ ಆಡು ಮೊದಲೇ ಕಂಡಿರುತ್ತದೆ. ಇನ್ನೊಂದು: ನನ್ನ ಕಾಲಿಗೆ ಸಿಕ್ಕು ಕಲ್ಲೊಂದು ಗಡಗಡ ಉರುಳಿ ಹೋಯಿತು. ಒಂದೇ ಒಂದು ಆಡೂ ತಿರುಗಿ ನೋಡಲಿಲ್ಲ, ಅವೇ ದಿನವೆಲ್ಲ ಕಲ್ಲು ಉರುಳಿಸುತ್ತವೆ. ಹುಡುಗನ ಊರುಗೋಲಿನ ಕಬ್ಬಿಣದ ತುದಿ ಬಂಡೆಗೆ ‘ಟಣ್’ ಅಂದಾಗ ಮಾತ್ರ ಹಿಂಡಿಗೆ ಹಿಂಡೇ ಕಿವಿ ನೆಟ್ಟಗೆ ಮಾಡಿತು. ಅಲ್ಲೇ ಕೂತು ಅವನು ಆ ತುದಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದ.

ಇನ್ನು ಗಾಳಿ. ಬೇಟೆಗಾರರು ಗಾಳಿಯ ದಿಕ್ಕು ನೋಡಲು ಪುಟ್ಟ ಡಬ್ಬಿಯಲ್ಲಿ ಹಗುರವಾದ ಪುಡಿ ಇಟ್ಟುಕೊಂಡಿರುತ್ತಾರೆ. ಇವನ ಡಬ್ಬಿ ಲಾಸ್ ಕ್ರೂಸೆಸ್‌ನಲ್ಲೇ ಉಳಿದಿತ್ತು. ನನ್ನ ಅಂಗಿಯ ಕಿಸೆಯಲ್ಲಿ ಎಲ್ಲಮ್ಮನ ಭಂಡಾರದ ಪೊಟ್ಟಣ ಇತ್ತು. ಹಣೆಗೆ ಮುಟ್ಟಿಸಿಕೊಂಡು, ತಪ್ಪಾಯಿತು ತಾಯಿ ಅಂದುಕೊಂಡು, ಒಂದು ಚಿಟಿಕೆ ಬಿಟ್ಟೆ. ಏಳು ಗಂಟೆಯ ಚಳಿಗೆ ಹಳದಿ ಪುಡಿ ನೆಲಕ್ಕೆ ಅಂಟಿಕೊಂಡ ಹಾಗೆ ಇಳಿಜಾರಿನಲ್ಲಿ ಕೆಳಗೆ ಹರಿಯಿತು. ತಣ್ಣಗಿನ ಗಾಳಿ ಭಾರ, ಅದು ನೀರಿನ ಹಾಗೆ ಕೊಳ್ಳಕ್ಕೆ ಇಳಿಯುತ್ತದೆ. ಒಂಬತ್ತೂವರೆಗೆ ಇನ್ನೊಂದು ಚಿಟಿಕೆ: ಎತ್ತ ಹೋಗಲಿ ಅಂತ ತಿಳಿಯದೆ ಸುತ್ತಿ ಸುಳಿದು ಅಜ್ಜನ ಕಂಬಳಿಯ ಮೇಲೆ ಕೂತಿತು. ಹತ್ತೂವರೆಗೆ ಬಂಡೆ ಕಾದಿತ್ತು. ಮೂರನೆಯ ಚಿಟಿಕೆ ನಮ್ಮ ಮುಖದ ಮುಂದೆಯೇ ಏರಿ ನೆತ್ತಿಯ ಕಡೆ ಹೋಯಿತು.

ಅಂದರೆ ಬಿಸಿಲೇರಿದ ಮೇಲೆ ಆಡಿಗಿಂತ ಎತ್ತರದಲ್ಲಿ ಇರಬೇಕು. ಆಗ ನಮ್ಮ ವಾಸನೆ ಇನ್ನೂ ಮೇಲಕ್ಕೆ ಹೋಗುತ್ತದೆ. ಆದರೆ ಹತ್ತುವುದು ನಸುಕಿನಲ್ಲಿ, ಗಾಳಿ ಇಳಿಯುವ ಹೊತ್ತಿಗೆ. ಆಡು ಮಲಗಿದ ಕೊಳ್ಳದ ನೇರಕ್ಕೆ ಹತ್ತಿದರೆ ಸೂರ್ಯ ಹುಟ್ಟುವ ಮೊದಲೇ ಬೇಟೆ ಮುಗಿಯಿತು. ಪಕ್ಕದ ಕೊಳ್ಳದಲ್ಲಿ ಕತ್ತಲಲ್ಲಿ ಹತ್ತಿ, ಸೆರಗಿನ ಹಿಂದೆ ಕೂತು, ಹತ್ತು ಗಂಟೆಯವರೆಗೆ ಮಿಸುಕದೆ ಇರಬೇಕು. ಸಂಜೆ ನೆರಳು ಬಿದ್ದೊಡನೆ ಗಾಳಿ ಮತ್ತೆ ಮಗುಚುತ್ತದೆ, ಅಷ್ಟರಲ್ಲಿ ಕೆಲಸ ಆಗಿರಬೇಕು ಇಲ್ಲವೆ ಆಸೆ ಬಿಡಬೇಕು. ದಿನಕ್ಕೆ ಐದಾರು ತಾಸಿನ ಬೇಟೆ ಅಷ್ಟೇ. ಉಳಿದದ್ದೆಲ್ಲ ಹತ್ತುವುದು, ಕೂಡುವುದು.

ಮೇಲಿಂದ ಕೆಳಕ್ಕೆ ಬಾಣ ಬಿಡುವುದು ಬಯಲಿನಲ್ಲಿ ಕಲಿತವನ ಕೈಗೆ ಬರುವ ವಿದ್ಯೆಯಲ್ಲ. ಅಜ್ಜ ಹಿಂಡನ್ನು ಆಚೆ ಬದಿಗೆ ಹೊಡೆದುಕೊಂಡು ಹೋದ ಮೇಲೆ ಗೋಣಿಚೀಲಕ್ಕೆ ಹಳೇ ಬಟ್ಟೆ ತುಂಬಿ ಇಳಿಜಾರಿನಲ್ಲಿ ಇಟ್ಟೆವು. ಅಳತೆಗೆ ಹಗ್ಗ, ಇಳುಕಲಿಗೆ ಶಾಲೆಯ ಕೋನಮಾಪಕಕ್ಕೆ ಕಟ್ಟಿದ ದಾರ ಮತ್ತು ಕಲ್ಲು. ನಲವತ್ತು ಗಜ, ಮೂವತ್ತು ಡಿಗ್ರಿ. ನನ್ನ 38 ಪೌಂಡಿನ ರಿಕರ್ವ್ ಬಿಲ್ಲಿನಲ್ಲಿ ಅವನು ನಲವತ್ತು ಗಜದ ಗುರಿಯನ್ನೇ ಹಿಡಿದು ಬಿಟ್ಟ. ಬಾಣ ಚೀಲದ ನೆತ್ತಿಯ ಮೇಲೆ ಒಂದು ಗೇಣಿಗೂ ಮಿಕ್ಕಿ ಹಾರಿ ಕಳ್ಳಿಯಲ್ಲಿ ಸಿಕ್ಕಿತು. ಹುಡುಗ ಬಿಲ್ಲನ್ನು ಬೈದ.

ಬಿಲ್ಲಿನ ತಪ್ಪೇನೂ ಇರಲಿಲ್ಲ. ಭೂಮಿ ಬಾಣವನ್ನು ನೇರ ಕೆಳಕ್ಕೆ ಎಳೆಯುತ್ತದೆ, ಇಳಿಜಾರಿನ ಉದ್ದಕ್ಕೂ ಎಳೆಯುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಬರುವುದು ನೆಲದ ಮಟ್ಟದ ದೂರ. ಮೂವತ್ತು ಡಿಗ್ರಿಯಲ್ಲಿ ಕಣ್ಣಿಗೆ ಕಾಣುವ ನಲವತ್ತು ಗಜ ಬಿಲ್ಲಿಗೆ ಮೂವತ್ತೈದಕ್ಕೂ ಕಡಿಮೆ; ನಲವತ್ತೈದು ಡಿಗ್ರಿಯಲ್ಲಿ ಬರೀ ಇಪ್ಪತ್ತೆಂಟು. ಕೆಳಕ್ಕೆ ಬಿಟ್ಟರೂ ಮೇಲಕ್ಕೆ ಬಿಟ್ಟರೂ ಇದೇ ಲೆಕ್ಕ. ‘ದೂರಮಾಪಕವೇ ಕೋನ ಕಳೆದು ಹೇಳುತ್ತೆ ಮಾಮಾ’ ಅಂದ. ಹೇಳುತ್ತದೆ, ಚಳಿಗೆ ಬ್ಯಾಟರಿ ಸಾಯುವವರೆಗೆ. ಆಮೇಲೆ ತಲೆಯಲ್ಲಿ ಇರಬೇಕಾದ್ದು ಎರಡೇ ಗುಣಕ: ಮೂವತ್ತಕ್ಕೆ 0.87, ನಲವತ್ತೈದಕ್ಕೆ 0.7. ಇನ್ನೊಂದು ಮೈಯ ಪಾಠ: ಕೆಳಗಿನ ಗುರಿಗೆ ತೋಳು ಇಳಿಸಬಾರದು, ಸೊಂಟದಲ್ಲಿ ಬಾಗಬೇಕು. ತೋಳು ಇಳಿಸಿದರೆ ಎಳೆತದ ಉದ್ದವೇ ಬದಲಾಗುತ್ತದೆ. ಸಂಜೆಯ ಹೊತ್ತಿಗೆ ಹತ್ತರಲ್ಲಿ ಆರು ಬಾಣ ಚೀಲಕ್ಕೆ ನಾಟಿದವು. ಆರು ಸಾಲದು ಅಂದೆ.

ನಲವತ್ತು ಗಜದಾಚೆ ಬಿಡಕೂಡದು ಅನ್ನುವುದು ನನ್ನ ಹಟ. ಅವನ ಬಿಲ್ಲಿನ ಬಾಣ ಸೆಕೆಂಡಿಗೆ ಎಂಬತ್ತೈದು ಮೀಟರ್ ಹೋಗುತ್ತದೆ, ನಲವತ್ತು ಗಜಕ್ಕೆ ಅರ್ಧ ಸೆಕೆಂಡಿಗೆ ತುಸು ಕಡಿಮೆ. ಹೆದೆಯ ಸದ್ದು ಅದಕ್ಕಿಂತ ನಾಲ್ಕು ಪಟ್ಟು ಬೇಗ ಮುಟ್ಟುತ್ತದೆ. ಆಡಿಗೆ ಬೆಚ್ಚಿ ಕುಸಿಯಲು ಆ ಅಂತರ ಧಾರಾಳ ಸಾಕು, ಗುಂಡಿಗೆಗೆ ಇಟ್ಟ ಬಾಣ ಬೆನ್ನಿಗೆ ಬೀಳುತ್ತದೆ. ಗಾಯಗೊಂಡ ಪ್ರಾಣಿ ಪ್ರಪಾತದ ಸಂದಿಗೆ ಹೋಗಿ ಎರಡು ದಿನ ನರಳಿ ಸಾಯುವುದಕ್ಕೆ ಯಾವ ಪರ್ಮಿಟ್ಟೂ ಸಮಜಾಯಿಷಿ ಆಗುವುದಿಲ್ಲ. ಬಿದ್ದದ್ದನ್ನು ಕಾಲ್ನಡಿಗೆಯಲ್ಲಿ ತಲುಪಲು ಆಗದ ಜಾಗವಿದ್ದರೆ ಹತ್ತು ಗಜದಲ್ಲಿ ನಿಂತಿದ್ದರೂ ಬಿಡಬಾರದು. ಮಾಂಸ ಅಲ್ಲೇ ಬಿಟ್ಟು ಕೋಡು ಮಾತ್ರ ತರುವುದು ನ್ಯೂ ಮೆಕ್ಸಿಕೊದಲ್ಲಿ ಅಪರಾಧ ಕೂಡ. ಬೆನ್ನ ಮೇಲೆ ಹೊತ್ತು ಇಳಿಸಬೇಕು.

ಪಟ್ಟಿಯಲ್ಲಿ ನಾನು ಒಪ್ಪಿದ್ದು ಎರಡು: ಒಳ್ಳೆಯ ಬೈನಾಕ್ಯುಲರ್, ಒಳ್ಳೆಯ ಬೂಟು. ಬೂಟಿನ ಮಾತಿಗೆ ನನ್ನದೇ ಸಾಕ್ಷಿ ಇದೆ. ಬೆಳಗಾವಿಯ ಅಂಗಡಿಯೊಂದರಲ್ಲಿ ಬೆಟ್ಟ ಹತ್ತಲೆಂದೇ ಕೊಂಡ ನನ್ನ ಜೋಡು ಅವತ್ತು ಮಧ್ಯಾಹ್ನ ಗರಸಿನಲ್ಲಿ ಅಟ್ಟೆ ಬಿಚ್ಚಿ ನಾಲಿಗೆ ಚಾಚಿತು. ಅಜ್ಜ ಕೊಟ್ಟ ಹುರಿಯಿಂದ ಕಟ್ಟಿಕೊಂಡು ಇಳಿದೆ. ಅವರು ಟೈರಿನ ಚಪ್ಪಲಿಯಲ್ಲಿ ನನ್ನ ಮುಂದೆ ನಡೆದಿದ್ದರು. ನೀರನ್ನು ಫ್ಲೊರೀಡಾ ಬೆಟ್ಟದ ಮೇಲೆ ನೆಚ್ಚುವಂತಿಲ್ಲ, ದಿನಕ್ಕೆ ನಾಲ್ಕು ಲೀಟರ್ ಹೊರಲೇಬೇಕು. ನಾಲ್ಕು ಲೀಟರ್ ಅಂದರೆ ನಾಲ್ಕು ಕಿಲೊ. ಬುತ್ತಿಗೆ ಮಾತ್ರ ನಮ್ಮದನ್ನು ಮೀರಿಸಿದ್ದಿಲ್ಲ. ಕಡಕ್ ರೊಟ್ಟಿ ಹಗುರ, ತಿಂಗಳು ಕೆಡುವುದಿಲ್ಲ, ಒಲೆ ಬೇಡ. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ. ಒಂದೇ ಕೊರತೆ, ಮುರಿದಾಗಿನ ಸದ್ದು ಎರಡು ಕೊಳ್ಳಕ್ಕೆ ಕೇಳುತ್ತದೆ. ಆದ್ದರಿಂದ ರೊಟ್ಟಿ ಡೇರೆಯಲ್ಲಿ, ಬಂಡೆಯ ಹಿಂದೆ ಹೊಂಚು ಕೂತಾಗ ಶೇಂಗಾ ಹೋಳಿಗೆ. ಎರಡನ್ನೂ ಅಕ್ಕನೇ ಮಾಡಿಕೊಟ್ಟಳು. ಯಾವ ಕೆಲಸಕ್ಕೆ ಅಂತ ಕೇಳಲಿಲ್ಲ.

ಹುಡುಗ ಪರ್ಮಿಟ್ಟಿನ ಕಾಗದ ತೋರಿಸಿ ಹೆಮ್ಮೆಪಟ್ಟಾಗ ನನಗೆ ನೆನಪಾದದ್ದು ಇಲ್ಲಿಂದ ಈಶಾನ್ಯಕ್ಕಿರುವ ಊರು ಹಲಗಲಿ. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನಿಗೆ ಬೇಟೆ ಒಂದು ವಿನೋದ, ‘ಮಾನಸೋಲ್ಲಾಸ’ದಲ್ಲಿ ಅದಕ್ಕೆ ತಕ್ಕ ಜಾಗ ಕೊಟ್ಟಿದ್ದಾನೆ. ಆದರೆ ಹಲಗಲಿಯ ಬೇಡರಿಗೆ ಆಯುಧವೇ ಬದುಕು. 1857ರಲ್ಲಿ ಪರವಾನಗಿ ಇಲ್ಲದ ಆಯುಧ ಒಪ್ಪಿಸಿ ಎಂದು ಇಂಗ್ಲಿಷರ ಹುಕುಂ ಬಂದಾಗ ಅವರು ಒಪ್ಪಿಸಲಿಲ್ಲ, ಊರು ಸುಟ್ಟುಹೋಯಿತು, ಹಲವರು ಗಲ್ಲಿಗೇರಿದರು. ಆ ಲಾವಣಿ ನಮ್ಮ ಕಡೆ ಈಗಲೂ ಹಾಡುತ್ತಾರೆ.

ಇದನ್ನು ಓದಿ ಯಾರೂ ಬಿಲ್ಲು ಹಿಡಿದು ನಮ್ಮ ಗುಡ್ಡ ಹತ್ತಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಮೊಲ, ಕೌಜುಗ ಹೊಡೆದರೂ ಜೈಲು. ಗುರಿಗೆ ಗೋಣಿಚೀಲ ಇದೆ, ಅದು ಮುನಿಸಿಕೊಳ್ಳುವುದಿಲ್ಲ.

ಬೆಟ್ಟದ ಆಡನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ನ್ಯೂ ಮೆಕ್ಸಿಕೊವರೆಗೆ ಹೋಗುವುದೂ ಬೇಕಿಲ್ಲ. ಹಿಮಾಚಲದ ಸ್ಪಿತಿಯಲ್ಲಿ, ಪಿನ್ ಕಣಿವೆಯ ಚಳಿ ಮರುಭೂಮಿಯಲ್ಲಿ ಅಸಲಿ ಐಬೆಕ್ಸ್ ಇದೆ. ಇನ್ನೂ ಹತ್ತಿರ ಬೇಕೆಂದರೆ ಕೇರಳದ ಮುನ್ನಾರ್ ಬಳಿಯ ಎರವಿಕುಲಂ: ಬ್ರಿಟಿಷರು ನೀಲಗಿರಿ ಐಬೆಕ್ಸ್ ಅಂತ ಹೆಸರಿಟ್ಟು ಬೇಟೆಯಾಡಿದ ವರಯಾಡು ಅಲ್ಲಿ ದಾರಿ ಪಕ್ಕದಲ್ಲೇ ಮೇಯುತ್ತ ಸಿಗುತ್ತದೆ. ಮರಿ ಹಾಕುವ ಕಾಲಕ್ಕೆ, ಫೆಬ್ರುವರಿಯಿಂದ ಸುಮಾರು ಎರಡು ತಿಂಗಳು, ಬಾಗಿಲು ಹಾಕಿರುತ್ತಾರೆ. ಅದಕ್ಕೆ ಮೊದಲೇ ಹೋಗಿ ಬನ್ನಿ.