ಚರ್ಚಿನ ಪುಟ, ಆನೆಯ ಪುಟ: ಸಕಲೇಶಪುರ-ಆಲೂರಿನ ಚಿತ್ರಪುಸ್ತಕಗಳನ್ನು ಓದುತ್ತ

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ, ಜೊತೆಯಲ್ಲಿ ಒಯ್ದಿದ್ದ ದಪ್ಪ ರಟ್ಟಿನ ಚಿತ್ರಪುಸ್ತಕವೊಂದನ್ನು ಅಜ್ಜಿಯ ಮುಂದೆ ತೆರೆದಿಟ್ಟೆ. ನಮ್ಮ ಕಡೆಯ ಕಾಡು, ಬೆಟ್ಟ, ದೇವಸ್ಥಾನ, ಕೋಟೆಗಳ ಬಣ್ಣದ ಚಿತ್ರಗಳಿದ್ದ ಪುಸ್ತಕ. ಶೆಟ್ಟಿಹಳ್ಳಿಯ ಚರ್ಚು ಎರಡು ಪುಟಗಳ ತುಂಬ ಹರಡಿಕೊಂಡಿತ್ತು. ಅರ್ಧ ನೀರಿನಲ್ಲಿ ಮುಳುಗಿದ ಗೋಡೆಗಳು, ಕಮಾನಿನ ಕಿಟಕಿಗಳ ಆಚೆ ಬೂದು ಆಕಾಶ, ತಲೆಕೆಳಗಾದ ಪ್ರತಿಬಿಂಬ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇದ್ರ ಪಕ್ಕ ಗಾಡಿದಾರಿ ಇತ್ತಲ್ಲ, ಅದೆಲ್ಲೋಯ್ತು?"

ಅಜ್ಜಿಯ ತವರು ಮುಳುಗಡೆಯ ಊರು. ಅವರಿಗೆ ಆ ಚಿತ್ರದಲ್ಲಿ ಕಂಡದ್ದು ನೀರಿನ ಮೇಲಿರುವ ಚರ್ಚಲ್ಲ, ನೀರಿನ ಕೆಳಗಿರುವ ದಾರಿ. ಪುಸ್ತಕದಲ್ಲಿ ಚಿತ್ರದ ಕೆಳಗೆ ಇದ್ದದ್ದು ಊರಿನ ಹೆಸರು ಮತ್ತು 'ಕಾಲದ ಮೌನ ಸಾಕ್ಷಿ' ಎಂಬಂಥ ಒಂದು ಮಾತು. ಅಂದಿನಿಂದ ಇಂಥ ಪುಸ್ತಕಗಳನ್ನು ನಾನು ಬೇರೆ ರೀತಿಯಲ್ಲಿ ಓದತೊಡಗಿದ್ದೇನೆ. ಆ ಪುಸ್ತಕದ ಹೆಸರು ಹೇಳುವುದಿಲ್ಲ. ಹೇಳಿದರೆ ಒಂದಿಡೀ ಪ್ರಕಾರದ ತಪ್ಪನ್ನು ಒಬ್ಬ ಛಾಯಾಗ್ರಾಹಕರ ತಲೆಗೆ ಕಟ್ಟಿದಂತಾಗುತ್ತದೆ. ಹೋಂಸ್ಟೇಗಳ ಟೀಪಾಯಿ ಮೇಲೆ, ಪ್ರವಾಸದ ಕಿರುಹೊತ್ತಗೆಗಳಲ್ಲಿ, ಗೋಡೆಯ ಕ್ಯಾಲೆಂಡರುಗಳಲ್ಲಿ ನಮಗೆಲ್ಲ ಪರಿಚಯವಿರುವ ಪ್ರಕಾರ ಇದು.

ಇಂಥ ಪುಸ್ತಕಗಳಿಗೆ ಒಂದು ಸಿದ್ಧ ವಿನ್ಯಾಸವಿದೆ. ಮೊದಲ ಭಾಗ 'ನಿಸರ್ಗ': ಬಿಸಿಲೆ ಘಟ್ಟದ ಮಂಜು, ಮೂಕನಮನೆಯ ಜಲಪಾತ, ಸಿಂಗಳೀಕ, ಕಾಳಿಂಗ ಸರ್ಪ, ಆನೆ. ಎರಡನೆಯ ಭಾಗ 'ಪರಂಪರೆ': ಮಂಜರಾಬಾದ್ ಕೋಟೆ, ಸಕಲೇಶ್ವರ ದೇವಾಲಯ, ಸುಗ್ಗಿ ಕುಣಿತ, ಶೆಟ್ಟಿಹಳ್ಳಿಯ ಚರ್ಚು. ಓದುಗ ಕಾಡಿನಿಂದ ಹೊರಬಂದು ಕಲ್ಲಿನ ಲೋಕಕ್ಕೆ ಹೋಗುತ್ತಾನೆ. ನನ್ನ ತಕರಾರು ಈ ವಿಭಜನೆಯ ಬಗ್ಗೆ. ಸಕಲೇಶಪುರ-ಆಲೂರು ಸೀಮೆಯಲ್ಲಿ ನಿಸರ್ಗ ಮತ್ತು ಪರಂಪರೆ ಎರಡು ಅಧ್ಯಾಯಗಳಾಗಿ ಬದುಕಿಲ್ಲ. ಹಾಗೆ ಕತ್ತರಿಸಿದ ಕೂಡಲೇ ಚಿತ್ರಗಳು ಚಂದವಾಗುತ್ತವೆ, ಚರಿತ್ರೆ ಮಾತ್ರ ಸತ್ತುಹೋಗುತ್ತದೆ.

ಚರ್ಚಿನ ಪುಟವನ್ನೇ ನೋಡೋಣ. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಹೇಮಾವತಿಯ ದಂಡೆಯಲ್ಲಿ ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಅಣೆಕಟ್ಟು ಎದ್ದು, 1979ರ ಹೊತ್ತಿಗೆ ಅದು ಮುಗಿದ ಮೇಲೆ ಹಿನ್ನೀರು ಊರುಗಳನ್ನು ನುಂಗಿತು. ಭಕ್ತರು ಹೋದರು, ಕಟ್ಟಡ ಉಳಿಯಿತು. ಹಾಗಾದರೆ ಅದು 'ಪಾಳು' ಆದದ್ದು ಕಾಲದಿಂದಲ್ಲ, ಒಂದು ನೀರಾವರಿ ಯೋಜನೆಯಿಂದ. ನೂರಿಪ್ಪತ್ತು ವರ್ಷವೂ ತುಂಬದ ಕಟ್ಟಡಕ್ಕೆ ಹಂಪಿಯ ವಿಷಾದವನ್ನು ಹೊದಿಸುವುದು ಕ್ಯಾಮೆರಾಕ್ಕೆ ಸುಲಭ. ಆ ವಿಷಾದಕ್ಕೆ ಕಾರಣಕರ್ತರು ಬೇಕಾಗಿಲ್ಲ, ಅಷ್ಟೆ.

ಈಗ ಅದೇ ಪುಸ್ತಕದ ಆನೆಯ ಪುಟಕ್ಕೆ ಹೋಗೋಣ. ಕಾಫಿ ಗಿಡಗಳ ನಡುವೆ ನಿಂತ ಹಿಂಡು, ಮರಿಯ ಮೇಲೆ ತಾಯಿಯ ಸೊಂಡಿಲು. ಈ ಆನೆಗಳು ಕಾಫಿ ತೋಟದಲ್ಲಿ ಯಾಕಿವೆ? ಜಲಾಶಯ ತುಂಬಿದಾಗ ಮುಳುಗಿದ್ದು ಊರು ಮಾತ್ರವಲ್ಲ, ಕಾಡೂ ಮುಳುಗಿತು, ಆನೆಗಳ ಓಡಾಟದ ದಾರಿಯೂ ಮುಳುಗಿತು. ಊರು ಕಳೆದುಕೊಂಡವರಿಗೆ ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಜಮೀನು ಗುರುತಿಸಲಾಯಿತು. ನಮ್ಮ ಕಡೆ ಅದನ್ನು ಇವತ್ತಿಗೂ 'ಎಚ್‌ಆರ್‌ಪಿ ಜಮೀನು' ಎಂದೇ ಕರೆಯುತ್ತಾರೆ; ಹೇಮಾವತಿ ಜಲಾಶಯ ಯೋಜನೆ ಇಂಗ್ಲಿಷಿನ ಮೂರು ಅಕ್ಷರವಾಗಿ ಊರಿನ ಬಾಯಲ್ಲಿ ಉಳಿದುಬಿಟ್ಟಿದೆ. ಹೀಗೆ ಕಾಡು ತುಂಡಾಯಿತು. ಕಾಫಿಯ ವಿಸ್ತರಣೆ, ರಸ್ತೆ, ವಿದ್ಯುತ್ ಯೋಜನೆಗಳು ಉಳಿದದ್ದನ್ನು ಮತ್ತಷ್ಟು ತುಂಡು ಮಾಡಿದವು. ಹೈಕೋರ್ಟಿನ ಸೂಚನೆಯಂತೆ ರಚನೆಯಾದ, ವಿಜ್ಞಾನಿ ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅದು ಆಲೂರಿನ ಸುತ್ತಲಿನ ಪ್ರದೇಶವನ್ನು ಆನೆಗಳನ್ನು ತೆರವು ಮಾಡಬೇಕಾದ ವಲಯಕ್ಕೆ ಸೇರಿಸಿತು. 2014ರಲ್ಲಿ ಇಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆಮೇಲೂ ಆನೆಗಳು ಬಂದವು.

ಅಂದರೆ ಪುಸ್ತಕದ ಹಿಂದಿನ ಭಾಗದ ಚರ್ಚು ಮತ್ತು ಮುಂದಿನ ಭಾಗದ ಆನೆ ಒಂದೇ ನೀರಿನ ಎರಡು ದಡಗಳಲ್ಲಿ ನಿಂತಿವೆ. ಎರಡನ್ನೂ ಎದುರುಬದುರು ಪುಟಗಳಲ್ಲಿ ಅಚ್ಚುಹಾಕಿದ್ದರೆ ಸಾಕಿತ್ತು. ಬೇರೆ ಚಿತ್ರ ಬೇಡ, ಬೇರೆ ಕ್ಯಾಮೆರಾ ಬೇಡ. ಪುಟಗಳ ಕ್ರಮ ಬದಲಾದರೆ ಓದುಗನಿಗೆ ಪ್ರಶ್ನೆ ಹುಟ್ಟುತ್ತಿತ್ತು. ಚಿತ್ರಪುಸ್ತಕದಲ್ಲಿ ಸಂಪಾದನೆಯೇ ಅರ್ಧ ಬರವಣಿಗೆ ಎಂದು ನಾನು ನಂಬಿರುವುದು ಇದಕ್ಕೇ.

ಕೋಟೆಯ ಚಿತ್ರದ ಸಮಸ್ಯೆ ಇನ್ನೊಂದು ಬಗೆಯದು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಮಂಜರಾಬಾದ್ ಕೋಟೆಗೆ ಎಂಟು ಮೂಲೆಯ ನಕ್ಷತ್ರದ ಆಕಾರ. ಯುರೋಪಿನ ಕೋಟೆಗಳ ಮಾದರಿಯ ಆ ವಿನ್ಯಾಸ ನೆಲದ ಮೇಲೆ ನಿಂತವರಿಗೆ ಕಾಣುವುದಿಲ್ಲ. ಮೆಟ್ಟಿಲು ಹತ್ತಿ ಹೋದವರಿಗೆ ಸಿಗುವುದು ಒದ್ದೆ ಗೋಡೆ, ಮದ್ದಿನ ಮನೆಯ ತಂಪು, ನಡುವಿನ ಕೊಳ, ಆಚೆ ಮಂಜು. ಡ್ರೋನ್ ಬಂದ ಮೇಲೆ ಮೇಲಿನಿಂದ ತೆಗೆದ ನಕ್ಷತ್ರವೇ ಕೋಟೆಯ ಏಕೈಕ ಮುಖವಾಗಿಬಿಟ್ಟಿದೆ. ಅದು ಬೆರಗಿನ ಚಿತ್ರವೇ, ಒಪ್ಪುತ್ತೇನೆ. ಆದರೆ ಅಷ್ಟು ಎತ್ತರದಿಂದ ನೋಡಿದಾಗ ಸುತ್ತಲಿನ ಹಸಿರು ಬರೀ ಹಿನ್ನೆಲೆಯಾಗುತ್ತದೆ. ಆ ಹಸಿರಿಗೂ ಒಂದು ಯುದ್ಧದ ಕಥೆಯಿದೆ. ಟಿಪ್ಪುವಿನ ಪತನದ ನಂತರವೂ ಬ್ರಿಟಿಷರಿಗೆ ಬಗ್ಗದೆ ಉಳಿದವನು ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕ. ಅವನ ನಿಜವಾದ ಕೋಟೆ ಕಾಡೇ ಆಗಿತ್ತು. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ಅರಕೆರೆಯ ಕಾಡಿನ ತಡೆಗಳನ್ನು ಭೇದಿಸಿ ನುಗ್ಗಿತು. ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು. ಮಲೆನಾಡಿನ ಈ ಮೂಲೆಯಲ್ಲಿ ಕಾಡನ್ನು ಕಡಿದು ದಾರಿ ಮಾಡುವುದು ರಾಜ್ಯವಾಳುವ ಒಂದು ವಿಧಾನವೇ ಆಗಿತ್ತು ಎಂಬುದನ್ನು ಡ್ರೋನಿನ ನಕ್ಷತ್ರ ಹೇಳಲಾರದು. ಕಲ್ಲಿನ ಕೋಟೆ ಪರಂಪರೆಯ ಪಟ್ಟಿಗೆ ಸೇರಿತು, ಕಾಡಿನ ಕೋಟೆ ಬರೀ ನಿಸರ್ಗವಾಗಿ ಉಳಿಯಿತು.

ಆ ಹಸಿರಿನ ಹತ್ತಿರ ಹೋದರೆ ಇನ್ನೂ ಒಂದು ಸಂಗತಿ ತಿಳಿಯುತ್ತದೆ. 'ದಟ್ಟ ಕಾನನ' ಎಂಬ ಅಡಿಬರಹವಿರುವ ಎಷ್ಟೋ ಚಿತ್ರಗಳಲ್ಲಿ ನೆಟ್ಟಗೆ ನಿಂತಿರುವುದು ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಮರ ಅದು, ಅದನ್ನು ಹಬ್ಬಿರುವುದು ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಅದು ತೋಟ. ತೋಟವೆಂದರೆ ದುಡಿಮೆ, ಲೈನ್ ಮನೆ, ಬಟವಾಡೆ, ಹಣ್ಣು ಕೊಯ್ಯುವ ಕೈಗಳು. ಮಂಜರಾಬಾದಿನಲ್ಲಿ ಯುರೋಪಿಯನ್ನರ ಕಾಫಿ ತೋಟ ಶುರುವಾದದ್ದು 1840ರ ದಶಕದಲ್ಲಿ. ಇಲ್ಲಿಯೇ ನೆಲೆಸಿದ್ದ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಹೊರಗಿನವರು ಈ ಬೆಟ್ಟಗಳನ್ನು ನೋಡಿದ ಬಗೆಗೆ ಇದಕ್ಕಿಂತ ಚುಟುಕಾದ ದಾಖಲೆ ಸಿಗುವುದು ಕಷ್ಟ. ಬೇಟೆಗಾರನ ಬಂದೂಕಿನ ಜಾಗಕ್ಕೆ ಪ್ರವಾಸಿಯ ಕ್ಯಾಮೆರಾ ಬಂದಿತೆಂದು ಸೂಸನ್ ಸಾಂಟಾಗ್ 1977ರ ತಮ್ಮ ಪುಸ್ತಕದಲ್ಲಿ ಆಫ್ರಿಕಾದ ಸಫಾರಿಗಳನ್ನು ಕುರಿತು ಹೇಳುತ್ತಾರೆ. ನಮ್ಮ ಚಿತ್ರಪುಸ್ತಕಗಳಲ್ಲಿ ಬೇಟೆ ಹೋಗಿದೆ, ಬೇಟೆಗಾರನ ನೋಟ ಉಳಿದಿದೆ: ಪ್ರಾಣಿ ಒಂಟಿಯಾಗಿರಬೇಕು, ಹಿನ್ನೆಲೆ ಶುಭ್ರವಾಗಿರಬೇಕು, ಮನುಷ್ಯ ಕಾಣಬಾರದು. ಬೇಲಿ, ಕಂದಕ, ಕರೆಂಟು ಕಂಬ, ಕೊಯ್ಲಿನ ಹೆಂಗಸರು ಚೌಕಟ್ಟಿನಿಂದ ಹೊರಗೆ.

ಮನುಷ್ಯರನ್ನು ಹೊರಹಾಕದೆ ಕಾಡನ್ನು ನೋಡಿದವರು ನಮ್ಮಲ್ಲಿ ಇಲ್ಲವೇ? ಪಕ್ಕದ ಮೂಡಿಗೆರೆಯಲ್ಲೇ ಇದ್ದರು. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಛಾಯಾಗ್ರಾಹಕರೂ ಆಗಿದ್ದರು, ಕಾಫಿ ಬೆಳೆಗಾರರೂ ಆಗಿದ್ದರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಛಾಯಾಗ್ರಹಣದ ಬಗ್ಗೆ ಅವರ ಅತ್ಯುತ್ತಮ ವಿಮರ್ಶೆ ಇರುವುದು 1980ರ 'ಕರ್ವಾಲೊ' ಕಾದಂಬರಿಯಲ್ಲಿ ಎಂದು ನನಗೆ ಅನ್ನಿಸುತ್ತದೆ. ಹಾರುವ ಓತಿಯನ್ನು ಹುಡುಕಿ ಹೊರಟ ಆ ತಂಡದಲ್ಲಿ ಫೋಟೋಗ್ರಾಫರ್ ಪ್ರಭಾಕರನಿದ್ದಾನೆ, ವಿಜ್ಞಾನಿಯಿದ್ದಾನೆ. ಓತಿಯನ್ನು ಮೊದಲು ಕಂಡವನು ಮಾತ್ರ ಜೇನು ಹಿಡಿಯುವ ಮಂದಣ್ಣ, ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ. ಕೊನೆಯಲ್ಲಿ ಓತಿ ಘಟ್ಟದ ಪ್ರಪಾತದ ಕಡೆಗೆ ತೇಲಿಹೋಗುತ್ತದೆ. ಹಿಡಿಯಲು ಹೊರಟವರ ಕೈಗೆ ಸಿಗುವುದಿಲ್ಲ. ಕ್ಯಾಮೆರಾವನ್ನು ತೇಜಸ್ವಿ ಗೇಲಿ ಮಾಡುವುದಿಲ್ಲ. ಆದರೆ ಅದಕ್ಕೂ ಮುಂಚೆ ಒಬ್ಬ ಮಂದಣ್ಣ ನೋಡಿರುತ್ತಾನೆ, ಮಸೂರದ ಆಚೆಗೂ ಕಾಡು ಇರುತ್ತದೆ ಎಂಬ ಎರಡು ಸಂಗತಿಗಳನ್ನು ಕಾದಂಬರಿ ಮರೆಯುವುದಿಲ್ಲ. ನಮ್ಮ ಚಿತ್ರಪುಸ್ತಕಗಳ ಕೃತಜ್ಞತೆಯ ಪುಟದಲ್ಲಿ ದಾರಿ ತೋರಿಸಿದ ಮಂದಣ್ಣಂದಿರ ಹೆಸರು ಹುಡುಕಿ ನೋಡಿ.

ಇಷ್ಟು ಹೇಳಿದ ಮೇಲೆ ನನಗೇ ಒಂದು ಆಕ್ಷೇಪ ಹಾಕಿಕೊಳ್ಳಬೇಕು. ಚಂದದ ಚಿತ್ರಗಳು ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ಹೇಳಿತು. ಇಂಥ ಸಂದರ್ಭಗಳಲ್ಲಿ, ಬಿಸಿಲೆಯನ್ನು ಎಂದೂ ನೋಡದ ಊರುಗಳ ಜನಕ್ಕೆ ಆ ಕಾಡು 'ನಮ್ಮದು' ಅನ್ನಿಸಬೇಕಾದರೆ ಚಿತ್ರ ಬೇಕು. ಮಳೆಯಲ್ಲಿ, ಜಿಗಣೆಗಳ ನಡುವೆ, ದಿನಗಟ್ಟಲೆ ಕೂತು ಒಂದು ಹಕ್ಕಿಯ ಚಿತ್ರ ತೆಗೆಯುವವರ ಶ್ರಮವನ್ನು ಹೀಗಳೆಯುವ ಹಕ್ಕು ಗ್ರಂಥಾಲಯದಲ್ಲಿ ಕೂರುವ ನನಗಿಲ್ಲ. ಆದರೆ ಎತ್ತಿನಹೊಳೆಯನ್ನೇ ನೋಡಿ. 24 ಟಿಎಂಸಿ ನೀರನ್ನು ಪೂರ್ವದ ಬಯಲಿಗೆ ಒಯ್ಯುವ ಆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲೇ ಉದ್ಘಾಟನೆಯಾಯಿತು. ಅದು ಸರಿಯೋ ತಪ್ಪೋ ಎಂಬ ವಾದ ಬೇರೆ. ಕುಡಿಯುವ ನೀರಿಲ್ಲದ ಊರುಗಳ ಸಂಕಟವೂ ಸುಳ್ಳಲ್ಲ. ಆದರೆ ಈ ಬೆಟ್ಟಗಳ ಇಂದಿನ ಚಿತ್ರಪುಸ್ತಕದಲ್ಲಿ ಕೊಳವೆಗಳು ಮಲಗಿರುವ ಕೆಂಪು ಮಣ್ಣು ಇಲ್ಲದಿದ್ದರೆ ಅದು ಯಾವ ಕಾಲದ ಪುಸ್ತಕ? ಮುಂದೊಂದು ದಿನ ಅದೂ ಹಳತಾದಾಗ ಯಾರೋ ಅದನ್ನು ಮಂಜಿನಲ್ಲಿ ತೆಗೆದು 'ಪರಂಪರೆ'ಗೆ ಸೇರಿಸುತ್ತಾರೇನೋ.

ಅರ್ಜುನನ ವಿಷಯ ಹೇಳದೆ ಈ ಬರಹ ಮುಗಿಸಲಾರೆ. 2012ರಿಂದ 2019ರವರೆಗೆ ಎಂಟು ಸಲ ಮೈಸೂರು ದಸರೆಯ ಅಂಬಾರಿ ಹೊತ್ತ ಆನೆ. ಕರ್ನಾಟಕದಲ್ಲಿ ಅಷ್ಟು ಕ್ಯಾಮೆರಾಗಳಿಗೆ ಮುಖ ಕೊಟ್ಟ ಪ್ರಾಣಿಗಳು ಬೆರಳೆಣಿಕೆಯಷ್ಟಿರಬಹುದು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅದು ಸತ್ತಿತು. ಅಲ್ಲೇ ಹೂಳಿದರು. ಚಿನ್ನದ ಅಂಬಾರಿಯ ಅರ್ಜುನ ಪರಂಪರೆಯ ಪುಸ್ತಕದವನು, ಕಾಡಾನೆ ನಿಸರ್ಗದ ಪುಸ್ತಕದ್ದು. ಎರಡು ಪುಸ್ತಕಗಳು ನಮ್ಮ ಬೆಟ್ಟದಲ್ಲಿ ಎದುರಾದವು. ಆ ವಾರ ಜನ ಅಂಬಾರಿಯ ಹಳೆಯ ಚಿತ್ರವನ್ನೂ ಮಣ್ಣಿನ ಗುಡ್ಡೆಯ ಚಿತ್ರವನ್ನೂ ಒಂದರ ಪಕ್ಕ ಒಂದಿಟ್ಟು ಹಂಚಿಕೊಂಡರು. ಯಾವ ಸಂಪಾದಕರೂ ಮಾಡದ ಕೆಲಸವನ್ನು ಮೊಬೈಲು ಹಿಡಿದ ಸಾಮಾನ್ಯರು ಮಾಡಿದ್ದರು.

ಹಾಗೆ ನೋಡಿದರೆ ಸಕಲೇಶಪುರ-ಆಲೂರಿನ ನಿಜವಾದ ಚಿತ್ರಸಂಪುಟ ಈಗ ಮೊಬೈಲುಗಳಲ್ಲೇ ಇದೆ. ಬೆಳಗಿನ ಜಾವ ತೋಟದ ದಾರಿಯಲ್ಲಿ ಆನೆ ಕಂಡರೆ ಯಾರೋ ಒಂದು ಫೋಟೋ ತೆಗೆದು ಗುಂಪಿಗೆ ಹಾಕುತ್ತಾರೆ. ಅಲುಗಾಡಿದ, ಕತ್ತಲಾದ, ಅರ್ಧ ಆನೆಯಷ್ಟೇ ಇರುವ ಫೋಟೋ. ಜೊತೆಗೆ ಅಡಿಬರಹ: ಯಾವ ಊರು, ಎಷ್ಟು ಗಂಟೆ, ಯಾವ ಕಡೆಗೆ ಹೋಗುತ್ತಿದೆ, ಒಂಟಿಯೋ ಹಿಂಡೋ. ಭೀಮನೋ, ಬೀಟಮ್ಮನ ಗುಂಪೋ ಎಂದು ಹೆಸರನ್ನೂ ಹೇಳುತ್ತಾರೆ. ಆ ಅಡಿಬರಹವನ್ನು ಓದಿ ಶಾಲೆಗೆ ಮಕ್ಕಳನ್ನು ಕಳಿಸಬೇಕೇ, ಕೊಯ್ಲಿಗೆ ಹೋಗಬೇಕೇ ಎಂದು ಮನೆಗಳು ತೀರ್ಮಾನಿಸುತ್ತವೆ. ಮುಂದೆ ಛಾಯಾಚಿತ್ರದ ಬಹುಮುಖ್ಯ ಭಾಗವೇ ಅದರ ಅಡಿಬರಹವಾಗಬಹುದೇ ಎಂದು ವಾಲ್ಟರ್ ಬೆಂಜಮಿನ್ 1931ರಲ್ಲಿ ಕೇಳಿದ್ದ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬರ್ಲಿನ್ನಿನಲ್ಲಲ್ಲ, ನಮ್ಮೂರ ವಾಟ್ಸಾಪ್ ಗುಂಪಿನಲ್ಲಿ.

ಮುಂದೆ ಈ ಸೀಮೆಯ ಚಿತ್ರಪುಸ್ತಕ ಮಾಡುವವರಲ್ಲಿ ನನ್ನದು ದೊಡ್ಡ ಬೇಡಿಕೆಯೇನಲ್ಲ. ಚಿತ್ರಗಳು ಇಷ್ಟೇ ಚಂದವಾಗಿರಲಿ. ಚರ್ಚಿನ ಎದುರು ಪುಟದಲ್ಲಿ ಆನೆ ಇರಲಿ. ಮರಕ್ಕೆ ಅದರ ಹೆಸರಿರಲಿ, ತೋಟವನ್ನು ತೋಟ ಎನ್ನಲಿ, ದಾರಿ ತೋರಿಸಿದವರ ಹೆಸರು ಅಚ್ಚಾಗಲಿ. 'ಕಾಲದ ಮೌನ ಸಾಕ್ಷಿ' ಎಂದು ಬರೆಯುವ ಮೊದಲು ಆ ನೀರಿನ ದಡದಲ್ಲಿ ಇನ್ನೂ ಬದುಕಿರುವ ಯಾರಾದರೂ ಹಿರಿಯರಿಗೆ ಚಿತ್ರ ತೋರಿಸಿ, ಅವರು ಏನು ಕೇಳುತ್ತಾರೆಂದು ಬರೆದುಕೊಳ್ಳಲಿ. ಅಂಥವರ ಸಂಖ್ಯೆ ಪ್ರತಿ ವರ್ಷ ಕಡಿಮೆಯಾಗುತ್ತಿದೆ. ನಮ್ಮಜ್ಜಿ ಆ ದಿನ ಪುಟದ ಮೇಲೆ ಬೆರಳಿಟ್ಟು, ಚರ್ಚಿನ ಎಡಕ್ಕೆ, ನೀರಿನ ಮೇಲೆ, ಗಾಡಿದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತೆಂದು ಎಳೆದು ತೋರಿಸಿದರು. ಹೊಳಪು ಕಾಗದದ ಮೇಲೆ ಬೆರಳಿನ ಗುರುತು ಇನ್ನೂ ಇದೆ, ನಾನು ಒರೆಸಿಲ್ಲ.