ಓರೆ ನಿವೇಶನ, ನೇರ ಬೆಳಕು

ಹಳೆಯ ಪೇಟೆಯ ಮಸೀದಿಗೆ ಹೋದಾಗ ನಾನು ಮೊದಲು ನೋಡುವುದು ನೆಲವನ್ನು. ಹಾಸಿದ ಜಮಖಾನೆಯ ಗೆರೆಗಳು ಗೋಡೆಗೆ ಸಮನಾಗಿ ಸಾಗಿವೆಯೋ, ಓರೆಯಾಗಿ ಹೋಗಿ ಮೂಲೆಯಲ್ಲಿ ಮುಗಿದಿವೆಯೋ ಎಂದು. ಬೀದಿ ತನಗೆ ತೋಚಿದಂತೆ ತಿರುಗಿರುತ್ತದೆ, ನಿವೇಶನ ಬೀದಿಯ ಹಿಂದೆ ಹೋಗಿರುತ್ತದೆ. ನಮಾಜಿನ ಸಾಲು ಮಾತ್ರ ಮೆಕ್ಕಾದ ಕಡೆಗೇ ನಿಲ್ಲಬೇಕು. ಕಿಬ್ಲಾ ಎನ್ನುವ ಆ ದಿಕ್ಕು ಯಾರ ಅನುಕೂಲಕ್ಕೂ ಜಗ್ಗುವುದಿಲ್ಲ. ಗೋಡೆ ಒಂದು ಕಡೆ, ಸಾಲು ಒಂದು ಕಡೆ ಆದಾಗ ಅಂಚಿನಲ್ಲಿ ಮುಕ್ಕೋನದ ಜಾಗವೊಂದು ಮಿಕ್ಕುತ್ತದೆ. ಪೊರಕೆ, ಬೀರು, ಸುತ್ತಿಟ್ಟ ಚಾಪೆ ಅಲ್ಲಿ ಸೇರಿಕೊಳ್ಳುತ್ತವೆ. ಕಟ್ಟಿದವರ ಕಸುಬು ಎಂಥದ್ದೆಂದು ಅಳೆಯಲು ಆ ಮಿಕ್ಕ ಜಾಗಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಈ ವಾರ ನನ್ನ ಮೇಜಿನ ಮೇಲೆ ಹರಡಿರುವುದು ಢಾಕಾದ ಬೈತ್ ಉರ್ ರೌಫ್ ಮಸೀದಿಯ ನೆಲನಕ್ಷೆ. ಬಾಂಗ್ಲಾದೇಶದ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ ರೂಪಿಸಿದ ಈ ಕಟ್ಟಡ 2012ರಲ್ಲಿ ಪೂರ್ಣಗೊಂಡಿತು. 2016ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆಯಿತು. ಜಾಗ ಕೊಟ್ಟವರು ತಬಸ್ಸುಮ್ ಅವರ ಅಜ್ಜಿ. ನಗರದ ಉತ್ತರದಲ್ಲಿ, ಮನೆಗಳು ಒತ್ತೊತ್ತಾಗಿ ಎದ್ದ ಫೈದಾಬಾದಿನಲ್ಲಿ ಇದ್ದ ತಮ್ಮ ನೆಲವನ್ನು ಮಸೀದಿಗೆಂದು ಬಿಟ್ಟುಕೊಟ್ಟು, ವಿನ್ಯಾಸದ ಹೊಣೆಯನ್ನು ಮೊಮ್ಮಗಳಿಗೆ ಒಪ್ಪಿಸಿದರು. ಕೆಲಸ ಮುಗಿದದ್ದನ್ನು ನೋಡಲು ಅಜ್ಜಿ ಉಳಿಯಲಿಲ್ಲ. ನಕ್ಷೆ ಬರೆಯುವುದರ ಜೊತೆಗೆ ಹಣ ಕೂಡಿಸುವುದೂ ಕಟ್ಟಿಸುವುದೂ ಮೊಮ್ಮಗಳ ಪಾಲಿಗೇ ಬಂತು.

ಆ ನೆಲಕ್ಕೊಂದು ಓರೆ ಇತ್ತು. ನಿವೇಶನದ ಅಕ್ಷಕ್ಕೂ ಕಿಬ್ಲಾಕ್ಕೂ 13 ಡಿಗ್ರಿ ವ್ಯತ್ಯಾಸ. ಬೀದಿಗೆ ಹೊಂದಿಸಿ ಕಟ್ಟಿದರೆ ಪ್ರಾರ್ಥನೆ ಓರೆ, ಪ್ರಾರ್ಥನೆಗೆ ಹೊಂದಿಸಿ ಕಟ್ಟಿದರೆ ಇಡೀ ಕಟ್ಟಡವೇ ಬೀದಿಗೆ ಓರೆ.

ಈ ತೊಡಕು ಹಳೆಯದು. 17ನೇ ಶತಮಾನದ ಆರಂಭದಲ್ಲಿ ಇರಾನಿನ ಇಸ್ಫಹಾನಿನಲ್ಲಿ ಶಾಹ್ ಮಸೀದಿ ಕಟ್ಟಿದವರಿಗೂ ಇದು ಎದುರಾಗಿತ್ತು. ಅವರು ಹೆಬ್ಬಾಗಿಲನ್ನು ಎದುರಿನ ಮೈದಾನಕ್ಕೆ ಮುಖಾಮುಖಿಯಾಗಿ ನಿಲ್ಲಿಸಿ, ಅದರ ಹಿಂದಿನ ಹಾದಿಯಲ್ಲಿ ಒಂದು ತಿರುವು ಕೊಟ್ಟು, ಬಂದವರನ್ನು ಅಲ್ಲಿಂದ ಕಿಬ್ಲಾದ ಕಡೆಗೆ ನಡೆಸಿದರು. ಢಾಕಾದಲ್ಲೇ ಲೂಯಿ ಕಾನ್ ರೂಪಿಸಿದ ಸಂಸತ್ ಭವನವಿದೆ. ಅದರ ಪ್ರಾರ್ಥನಾ ಕೋಣೆ ಭವನದ ಮುಖ್ಯ ಅಕ್ಷದಿಂದ ತುಸು ಹೊರಳಿ ಮೆಕ್ಕಾದತ್ತ ನಿಂತಿದೆ. ಇಸ್ಫಹಾನಿನಲ್ಲಿ ತಿರುವು ಬಾಗಿಲ ಹಿಂದೆ. ಕಾನ್ ಅವರಲ್ಲಿ ಅದು ಭವನದ ಒಂದು ಅಂಗಕ್ಕೆ ಮಾತ್ರ. ತಬಸ್ಸುಮ್ ಅದನ್ನು ಕಟ್ಟಡದ ಗರ್ಭಕ್ಕೇ ತಂದರು.

ನಕ್ಷೆಯನ್ನು ಹೊರಗಿನಿಂದ ಓದುತ್ತ ಬನ್ನಿ. ಮೊದಲು 75 ಅಡಿಯ ಒಂದು ಚೌಕ, ನಿವೇಶನಕ್ಕೆ ಹೊಂದಿಕೊಂಡದ್ದು. ಅದರೊಳಗೆ ವಾಯವ್ಯದ ಮೂಲೆಗೆ ಸರಿಸಿದ ಒಂದು ವೃತ್ತ. ಹಾಗೆ ಸರಿಸಿದ್ದರಿಂದ ಎರಡು ಬದಿಯಲ್ಲಿ ಜಾಗ ಅಗಲವಾಗಿ, ಒಳಬರುವವರಿಗೆ ಕಂಬಸಾಲಿನ ಪಡಸಾಲೆಯೂ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆದು ವುಝೂ ಮಾಡಿಕೊಳ್ಳುವ ಜಾಗವೂ ಒದಗಿದವು. ವೃತ್ತದೊಳಗೆ ಮತ್ತೊಂದು ಚೌಕ. ಅದೇ ಪ್ರಾರ್ಥನಾ ಸಭಾಂಗಣ. ವೃತ್ತಕ್ಕೆ ಮೂಲೆಯಿಲ್ಲ, ಅದರೊಳಗೆ ಕೂತ ಚೌಕವನ್ನು ಯಾವ ಕಡೆಗಾದರೂ ತಿರುಗಿಸಬಹುದು. ತಬಸ್ಸುಮ್ ಅದನ್ನು 13 ಡಿಗ್ರಿ ತಿರುಗಿಸಿದರು. ಬೀದಿ ಬೀದಿಯ ಪಾಡಿಗೆ ಉಳಿಯಿತು, ಸಾಲು ಕಿಬ್ಲಾಕ್ಕೆ ನೇರವಾಯಿತು.

ಚೌಕ ಮತ್ತು ವೃತ್ತದ ಈ ಆಟಕ್ಕೆ ವಿಜಯಪುರ ನೋಡಿದವರ ಕಣ್ಣು ಒಗ್ಗಿರುತ್ತದೆ. ಗೋಳಗುಮ್ಮಟದ ಚೌಕ ಗೋಡೆಗಳ ಮೇಲೆ ದುಂಡು ಗುಮ್ಮಟವನ್ನು ಕೂರಿಸಲು, ಒಂದಕ್ಕೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಕಮಾನುಗಳನ್ನು ಹೆಣೆದಿದ್ದಾರೆ. ಅಲ್ಲಿ ಚೌಕ ತಿರುಗುವುದು ತಲೆಯ ಮೇಲೆ, ಭಾರ ಹೊರಲು. ಢಾಕಾದಲ್ಲಿ ತಿರುಗುವುದು ಕಾಲ ಕೆಳಗೆ, ದಿಕ್ಕು ಹಿಡಿಯಲು.

ಇನ್ನು ಮಿಕ್ಕ ಜಾಗದ ಮಾತು. ಒಳಚೌಕದ ನಾಲ್ಕೂ ಬದಿಗೆ, ಅದಕ್ಕೂ ವೃತ್ತದ ಗೋಡೆಗೂ ನಡುವೆ, ಬಿಲ್ಲಿನಾಕಾರದ ನಾಲ್ಕು ತುಂಡುಗಳು ಉಳಿಯುತ್ತವೆ. ಜಾಗಕ್ಕೆ ಇಷ್ಟು ಬರವಿರುವ ನಗರದಲ್ಲಿ ಇನ್ನೊಬ್ಬರಾಗಿದ್ದರೆ ಅವಕ್ಕೂ ಸೂರು ಎಳೆದು ಇನ್ನೆರಡು ಸಾಲು ಜನರನ್ನು ಕೂರಿಸುತ್ತಿದ್ದರು. ತಬಸ್ಸುಮ್ ಅವುಗಳಿಗೆ ಸೂರು ಹಾಕಲೇ ಇಲ್ಲ. ಅವು ಆಕಾಶಕ್ಕೆ ತೆರೆದ ನಾಲ್ಕು ಅಂಗಳಗಳಾದವು. ಬಿಸಿಲು ಮೇಲಿಂದ ಇಳಿದು ದುಂಡು ಗೋಡೆಯ ಇಟ್ಟಿಗೆಯನ್ನು ಸವರಿಕೊಂಡು ಸಭಾಂಗಣಕ್ಕೆ ಬರುತ್ತದೆ. ಗಾಳಿಗೂ ಅದೇ ದಾರಿ, ಹೊರಗೋಡೆಯ ಇಟ್ಟಿಗೆ ಜಾಲಂಧ್ರದಿಂದ ನುಸುಳಿ ಒಳಗೆ. ಓರೆ ನಿವೇಶನದ ತೊಡಕಿನಿಂದ ಹುಟ್ಟಿದ ಈ ಉಳಿಕೆಯೇ ಕಟ್ಟಡದ ಉಸಿರು. ಈ ಮಸೀದಿಯ ಮೇಲೆ ನನಗಿರುವ ಪ್ರೀತಿಯೆಲ್ಲ ಆ ನಾಲ್ಕು ಅಂಗಳಗಳಲ್ಲಿದೆ.

ಹೊರಗಿನಿಂದ ನೋಡಿದವರಿಗೆ ಇದು ಮಸೀದಿಯೆಂದು ತಟ್ಟನೆ ತಿಳಿಯದು. ಗುಮ್ಮಟವಿಲ್ಲ, ಮಿನಾರಿಲ್ಲ. ಮಸೀದಿಗೆ ಅವು ಬೇಕೇಬೇಕೆಂಬ ನಿಯಮವೂ ಇಲ್ಲ. ಮದೀನಾದಲ್ಲಿ ಪ್ರವಾದಿಯವರ ಕಾಲದ ಮಸೀದಿ ಖರ್ಜೂರದ ಮರದ ಕಂಬ, ಗರಿಯ ಸೂರು, ಒಂದು ಅಂಗಳ ಇಷ್ಟರಲ್ಲೇ ನಡೆಯುತ್ತಿತ್ತು. ಶುದ್ಧವಾದ ನೆಲ, ಸರಿಯಾದ ದಿಕ್ಕು, ಸಾಲಾಗಿ ನಿಲ್ಲುವ ಜನ ಇದ್ದರೆ ಸಾಕು. ತಬಸ್ಸುಮ್ ಆ ಮೂಲಕ್ಕೆ ಹೋದರು, ಜೊತೆಗೆ ತಮ್ಮ ನಾಡಿನ ಮೂಲಕ್ಕೂ ಹೋದರು. ಬಂಗಾಳ ನದಿಗಳು ತಂದು ಸುರಿದ ಮಣ್ಣಿನ ನಾಡು. ಕಲ್ಲಿಗೆ ಕೊರತೆ, ಇಟ್ಟಿಗೆಗೆ ಬರವಿಲ್ಲ. 15ನೇ ಶತಮಾನದಲ್ಲಿ ಖಾನ್ ಜಹಾನ್ ಬಾಗೇರ್‌ಹಾಟ್‌ನಲ್ಲಿ ಕಟ್ಟಿಸಿದ ಅರವತ್ತು ಗುಮ್ಮಟಗಳ ಮಸೀದಿ ಇಂದಿಗೂ ಸುಲ್ತಾನರ ಕಾಲದ ಆ ಇಟ್ಟಿಗೆ ಕೆಲಸಕ್ಕೆ ಸಾಕ್ಷಿ. ಬೈತ್ ಉರ್ ರೌಫ್‌ನ ಸುತ್ತುಗೋಡೆಗಳೂ ಇಟ್ಟಿಗೆಯವೇ, ತಮ್ಮ ಭಾರವನ್ನು ತಾವೇ ಹೊರುವಂಥವು. ಮೇಲೆ ಗಾರೆಯಿಲ್ಲ, ಬಣ್ಣವಿಲ್ಲ. ಸಭಾಂಗಣದ ಕಾಂಕ್ರೀಟ್ ಸೂರು ಮಾತ್ರ ಅಂಚಿನ ಎಂಟು ಕಂಬಗಳ ಮೇಲೆ ಕೂತಿದೆ. ನಡುವೆ ಒಂದೂ ಕಂಬವಿಲ್ಲದ್ದರಿಂದ ಸಾಲು ಎಲ್ಲಿಯೂ ಮುರಿಯುವುದಿಲ್ಲ.

ಆ ಸೂರಿಗೆ ಅಲ್ಲಲ್ಲಿ ಸಣ್ಣ ದುಂಡು ಕಿಂಡಿಗಳಿವೆ. ಹಗಲಿನಲ್ಲಿ ಅವುಗಳಿಂದ ಬೆಳಕಿನ ಬಿಲ್ಲೆಗಳು ನೆಲಕ್ಕೆ ಬೀಳುತ್ತವೆ. ಸೂರ್ಯ ಸರಿದಂತೆ ಅವೂ ಸರಿಯುತ್ತವೆ. ನಮಾಜಿನ ಹೊತ್ತುಗಳನ್ನು ಗೊತ್ತುಮಾಡುವುದೂ ಸೂರ್ಯನ ನಡೆಯೇ ತಾನೇ? ಕಿಬ್ಲಾ ಗೋಡೆಯಲ್ಲಿ ಮಿಹ್ರಾಬಿನ, ಅಂದರೆ ದಿಕ್ಕು ತೋರುವ ಗೂಡಿನ, ಕೆತ್ತನೆಯಿಲ್ಲ. ಇಟ್ಟಿಗೆಯಲ್ಲಿ ಬಿಟ್ಟ ಒಂದು ಸಪೂರ ಉದ್ದ ಸೀಳು ದಿಕ್ಕು ಹೇಳುತ್ತದೆ. ಅದನ್ನು ಓರೆಯಾಗಿ ಕೂರಿಸಿರುವುದರಿಂದ ಹೊರಗೆ ಓಡಾಡುವವರು ಕಣ್ಣಿಗೆ ಬೀಳುವುದಿಲ್ಲ, ಬೆಳಕಷ್ಟೇ ಬೀಳುತ್ತದೆ. ನಿವೇಶನದಲ್ಲಿ ಕಾಡಿದ ಓರೆಯನ್ನು ಇಲ್ಲಿ ಅವರೇ ಬೇಕೆಂದು ಕರೆದು ಕೆಲಸಕ್ಕೆ ಹಚ್ಚಿದ್ದಾರೆ.

ಹೊರಗೆ ಬಂದು ಅಡಿಪಾಯವನ್ನೂ ನೋಡಬೇಕು. ನೆರೆ ನೀರು ಒಳಗೆ ಬಾರದಿರಲೆಂದು ಇಡೀ ಮಸೀದಿಯನ್ನು ಎತ್ತರದ ಜಗತಿಯ ಮೇಲೆ ನಿಲ್ಲಿಸಿದ್ದಾರೆ. ಜಗತಿಯ ಮೇಲೆ ಕಟ್ಟಡ ತನ್ನ ಸುತ್ತ ಬಿಟ್ಟ ಜಾಗ ನೆರೆಹೊರೆಗೆ ಜಗಲಿಯಾಗಿದೆ. ಹಗಲಲ್ಲಿ ಮಕ್ಕಳು ಆಡುತ್ತಾರೆ, ಹಿರಿಯರು ಕೂತು ಮಾತಾಡುತ್ತಾರೆ, ಅಜಾನ್ ಆದಾಗ ಎದ್ದು ಒಳಗೆ ಹೋಗುತ್ತಾರೆ. ಒತ್ತೊತ್ತಾದ ಕೇರಿಯಲ್ಲಿ ಕಾಲು ಚಾಚಿ ಕೂರಲು ಒಂದು ಎಡೆ ಸಿಗುವುದೂ ದೊಡ್ಡ ದಾನವೇ. ಅಜ್ಜಿ ಬಿಟ್ಟುಕೊಟ್ಟ ನೆಲದಲ್ಲಿ ಮೊಮ್ಮಗಳು ಮತ್ತೆ ಒಂದಿಷ್ಟನ್ನು ಆಕಾಶಕ್ಕೆ ಬಿಟ್ಟರು, ಮತ್ತೊಂದಿಷ್ಟನ್ನು ಕೇರಿಗೆ ಬಿಟ್ಟರು.

ಮುಂದೆ ಯಾವುದಾದರೂ ಪೇಟೆಯ ಮಸೀದಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಾಗ, ಜಮಖಾನೆಯ ಗೆರೆಯನ್ನು ಹಿಡಿದು ಮೂಲೆಯವರೆಗೆ ಕಣ್ಣು ಹಾಯಿಸಿ. ಅಲ್ಲಿ ನಿಂತಿರುವುದು ಬೀರುವೋ, ಬೆಳಕೋ ನೋಡಿ.