ಮೇಲಂತಸ್ತಿನ ಎಪ್ಪತ್ತಾರು ಆಸನ

ಈಗ ಹಾರಾಡುತ್ತಿರುವ ಪ್ರಯಾಣಿಕ ವಿಮಾನಗಳಲ್ಲಿ ಏರ್‌ಬಸ್ ಎ380ಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಉದ್ದ 72.7 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 79.8 ಮೀಟರ್, ಎತ್ತರ 24 ಮೀಟರ್. ಜನ, ಸಾಮಾನು, ಇಂಧನ ಎಲ್ಲ ತುಂಬಿಕೊಂಡು ನೆಲ ಬಿಡುವಾಗ ಅದರ ತೂಕ 575 ಟನ್‌ವರೆಗೆ ಹೋಗುತ್ತದೆ. ಹೋಲಿಕೆಗೆ, ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾಗಬೇಕಾದ್ದು ಮೂರು ಟನ್ ವರ್ಗದ ಹಗುರ ಹೆಲಿಕಾಪ್ಟರ್. ಅಂಥ ನೂರೆಂಬತ್ತನ್ನು ತಕ್ಕಡಿಯ ಒಂದು ತಟ್ಟೆಗೆ ಪೇರಿಸಿದರೂ ಇನ್ನೊಂದು ತಟ್ಟೆಯಲ್ಲಿರುವ ಈ ವಿಮಾನ ಮೇಲೇಳುವುದಿಲ್ಲ.

2014ರ ಜನವರಿಯವರೆಗೆ ಭಾರತ ಈ ವಿಮಾನಕ್ಕೆ ಬಾಗಿಲು ತೆರೆದಿರಲಿಲ್ಲ. ಆಮೇಲೆ ದೆಹಲಿ, ಮುಂಬೈ, ಹೈದರಾಬಾದ್, ಬೆಂಗಳೂರು ನಿಲ್ದಾಣಗಳಿಗೆ ಅನುಮತಿ ಸಿಕ್ಕಿತು. ಬೆಂಗಳೂರಿನ ಸರದಿ ಬರುವ ಹೊತ್ತಿಗೆ ಇನ್ನೂ ಎಂಟು ವರ್ಷ ಕಳೆದಿತ್ತು: ಎಮಿರೇಟ್ಸ್ ಸಂಸ್ಥೆಯ ಎ380 ದುಬೈನಿಂದ ಬಂದು ಕೆಂಪೇಗೌಡ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಇಳಿದದ್ದು 2022ರ ಅಕ್ಟೋಬರ್ 14ರಂದು, ದಿನಂಪ್ರತಿ ಸೇವೆ ಶುರುವಾದದ್ದು ಅದೇ ತಿಂಗಳ 30ರಿಂದ. ಒಂದು ವರ್ಷದ ನಂತರ, 2023ರ ಅಕ್ಟೋಬರ್ ಕೊನೆಗೆ, ಇದೇ ಮಾರ್ಗಕ್ಕೆ ನಾಲ್ಕು ದರ್ಜೆಯ ವಿಮಾನ ಬಂತು. ಫಸ್ಟ್ ಕ್ಲಾಸ್ 14, ಬಿಸಿನೆಸ್ 76, ಪ್ರೀಮಿಯಂ ಎಕಾನಮಿ 56, ಎಕಾನಮಿ 338, ಒಟ್ಟು 484 ಸೀಟು. ಮೊದಲೆರಡು ದರ್ಜೆಯ ತೊಂಬತ್ತು ಜನ ಮೇಲಂತಸ್ತಿನಲ್ಲಿ, ಉಳಿದ 394 ಜನ ಕೆಳಗೆ.

ದರ್ಜೆಯ ಈ ಏರ್ಪಾಡು ತುಮಕೂರು ಸೀಮೆಗೆ ತೀರಾ ಹೊಸದೇನಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಊರೂರು ಸುತ್ತಿದ ಕಾಲದಿಂದಲೂ ಕಂಪನಿ ನಾಟಕದ ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಎಂಬ ಲೆಕ್ಕ ಇದ್ದೇ ಇತ್ತು. ಕುರ್ಚಿಯವರಿಗೆ ಬೆನ್ನಿಗೆ ಆಸರೆ, ನೆಲದವರಿಗೆ ಬರಿಯ ನೆಲ. ಆದರೆ ಅದೇ ಕಂಪನಿಯ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಾಗ ಆ ಆನೆ ಕಂಡದ್ದು ಕುರ್ಚಿಯವರಿಗಷ್ಟೇ ಅಲ್ಲ. ಎ380ರ ಬಿಸಿನೆಸ್ ಕ್ಲಾಸನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು. ಟಿಕೆಟಿಗೆ ಹೆಚ್ಚು ಕೊಟ್ಟವರಿಗೆ ಸಿಗುವುದು ಕುರ್ಚಿಯೋ ಆನೆಯೋ ಎಂಬುದೇ ಇಲ್ಲಿ ಪ್ರಶ್ನೆ.

ಮೊದಲು ಕುರ್ಚಿ. ಮೇಲಂತಸ್ತಿನಲ್ಲಿ ಪ್ರತಿ ಸಾಲಿಗೆ ನಾಲ್ಕೇ ಸೀಟು: ಕಿಟಕಿಗೊಂದು, ನಡುವೆ ಎರಡು, ಆಚೆ ಕಿಟಕಿಗೊಂದು. ಯಾರೂ ಯಾರ ಕಾಲನ್ನೂ ದಾಟಬೇಕಿಲ್ಲ. ನಡುರಾತ್ರಿ ಎದ್ದು ಹೋಗಬೇಕಾದ ವಯಸ್ಸಾದವರಿಗೆ ಇದೊಂದೇ ದೊಡ್ಡ ಉಪಕಾರ. ಸಾಲುಗಳನ್ನು ಒಂದಕ್ಕೊಂದು ಸರಿಸಿ ಜೋಡಿಸಿರುವುದರಿಂದ ಒಂದು ಸಾಲಿನಲ್ಲಿ ಸೀಟು ಕಿಟಕಿಗೆ ಅಂಟಿಕೊಂಡಿದ್ದರೆ ಮುಂದಿನ ಸಾಲಿನಲ್ಲಿ ಓಡಾಡುವ ದಾರಿಗೆ ಅಂಟಿಕೊಂಡಿರುತ್ತದೆ. ನಡುವಿನ ಜೋಡಿಗೂ ಇದೇ ಕ್ರಮ. ಒಂದು ಸಾಲಿನ ಇಬ್ಬರು ಭುಜಕ್ಕೆ ಭುಜ ಕೂತರೆ, ಮುಂದಿನ ಸಾಲಿನ ಇಬ್ಬರ ನಡುವೆ ಎರಡು ಮೇಜು. ಗಂಡ ಹೆಂಡತಿ ನೋಡದೆ ಸೀಟು ಆರಿಸಿದರೆ ದುಬೈವರೆಗೂ ಮಾತು ಸನ್ನೆಯಲ್ಲೇ. ಲಡ್ಡುಪ್ರಸಾದದ ಚೀಲವನ್ನು ಕೈಬಿಡಲೊಲ್ಲದವರಿಗೆ ಕಿಟಕಿ ಬದಿಯೇ ವಾಸಿ: ಮೇಲಂತಸ್ತಿನ ಗೋಡೆ ಒಳಕ್ಕೆ ಬಾಗಿರುವುದರಿಂದ ಸೀಟಿಗೂ ಗೋಡೆಗೂ ನಡುವೆ ಉಳಿದ ಜಾಗದಲ್ಲಿ ಮುಚ್ಚಳವಿರುವ ಆಳದ ಡಬ್ಬಿಗಳನ್ನು ಕೂಡಿಸಿದ್ದಾರೆ. ತಲೆ ಮೇಲಿನ ಅರೆಗೆ ಕೈ ಚಾಚುವ ಕೆಲಸವಿಲ್ಲ.

ಸೀಟಿನ ಪಕ್ಕದಲ್ಲಿ ಮೇಜು, ಮೇಜಿನೊಳಗೆ ನೀರು, ತಂಪು ಪಾನೀಯಗಳನ್ನಿಟ್ಟ ಗೂಡು, ಎದುರಿಗೆ ದೊಡ್ಡ ಪರದೆ, ಬೆರಳು ಒತ್ತಿದರೆ ಮಂಚವಾಗುವ ಯಂತ್ರ. ಚಿನ್ನದ ಬಣ್ಣದ ಅಂಚು, ಮರದ ಗೆರೆಯ ಹೊದಿಕೆ ಬೇರೆ. ಹೊಸ ಮದುವೆಯ ಮಂಟಪದ ಹಾಗೆ ಹೊಳಪು ಒಂದು ಗುಲಗಂಜಿ ಜಾಸ್ತಿಯೇ. ಈ ಹೊಳಪಿನ ನಡುವೆ ಟೇಪು ಹಿಡಿದು ಅಳೆದರೆ ಸೀಟಿನ ಅಗಲ ಸುಮಾರು ಹದಿನೆಂಟೂವರೆ ಅಂಗುಲ. ಕೆಳಗೆ ಎಕಾನಮಿಯವರದು ಹದಿನೆಂಟು. ಪ್ರೀಮಿಯಂ ಎಕಾನಮಿಯದು ಹತ್ತೊಂಬತ್ತೂವರೆ. ಅಂದರೆ ಹಲವು ಪಟ್ಟು ದುಡ್ಡು ಕೊಟ್ಟು ಮೇಲೆ ಹತ್ತಿದವರ ಸೊಂಟಕ್ಕೆ, ಕೆಳಗೆ ಅವರಿಗಿಂತ ಒಂದು ದರ್ಜೆ ಕಡಿಮೆಯವರಿಗೆ ಸಿಕ್ಕಿದಷ್ಟು ಜಾಗವೂ ಸಿಕ್ಕಿಲ್ಲ. ಬಿಸಿನೆಸ್ ಕ್ಲಾಸ್ ಮಾರುತ್ತಿರುವುದು ಅಗಲವನ್ನಲ್ಲ, ಉದ್ದವನ್ನು. ಮಂಚ ಪೂರ್ತಿ ಚಪ್ಪಟೆಯಾಗುತ್ತದೆ. ಪಾದಗಳು ಮುಂದಿನವರ ಮೇಜಿನ ಕೆಳಗಿನ ಗೂಡಿನೊಳಕ್ಕೆ ಹೋಗುತ್ತವೆ. ಅಂಗಾತ ಮಲಗುವವರಿಗೆ ಇದು ಸುಖ. ಮಗ್ಗುಲಾಗಿ, ಮಂಡಿ ಮಡಚಿ ಮಲಗುವ ಅಭ್ಯಾಸದವರಿಗೆ ಮಂಡಿ ಗೂಡಿನ ಅಂಚಿಗೆ ತಾಕಿ ಎಚ್ಚರವಾಗುತ್ತದೆ.

ಮಂಚ ಎಷ್ಟು ಹೊತ್ತು ಮಂಚವಾಗಿರುತ್ತದೆ ಎಂಬುದನ್ನೂ ಎಣಿಸಬೇಕು. ಬೆಂಗಳೂರಿನಿಂದ ಈ ವಿಮಾನಕ್ಕೆ ನಿಗದಿ ಮಾಡಿದ ಹೊತ್ತು ಬೆಳಗಿನ ಜಾವ ನಾಲ್ಕೂವರೆ. ಬಾಗಿಲು ಮುಚ್ಚಿ ದುಬೈನಲ್ಲಿ ತೆರೆಯುವವರೆಗೆ ನಾಲ್ಕು ಗಂಟೆ ಚಿಲ್ಲರೆ. ರನ್‌ವೇಗೆ ಹೋಗಿ ಏರುವುದಕ್ಕೆ ಅರ್ಧ ಗಂಟೆ, ತಿಂಡಿಗೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ, ಇಳಿಯುವಾಗ ಸೀಟು ನೆಟ್ಟಗೆ ಮಾಡಿ ಕೂರುವುದಕ್ಕೆ ಮತ್ತೆ ಅರ್ಧ ಗಂಟೆ. ನಿದ್ದೆಗೆ ಉಳಿಯುವುದು ಎರಡು ಗಂಟೆ ಆಸುಪಾಸು. ತುಮಕೂರನ್ನು ರಾತ್ರಿ ದಾಟಿ ಹುಬ್ಬಳ್ಳಿಗೆ ಹೋಗುವ ಕೆಎಸ್‌ಆರ್‌ಟಿಸಿ ಸ್ಲೀಪರ್ ಬಸ್ಸಿನಲ್ಲಿ ಇದರ ಮೂರರಷ್ಟು ಹೊತ್ತು ಕಾಲು ಚಾಚಿ ಮಲಗಬಹುದು, ಸಣ್ಣ ಖರ್ಚಿನಲ್ಲಿ. ಬಸ್ಸು ಕುಲುಕುತ್ತದೆ ಎಂಬುದು ನಿಜ. ಆದರೆ ಚಟ್ನಿ ಬೇಕೇ, ಹಣ್ಣಿನ ರಸ ಬೇಕೇ ಎಂದು ಅಲ್ಲಿ ಯಾರೂ ಎಬ್ಬಿಸುವುದಿಲ್ಲ.

ತಿಂಡಿಯ ವಿಷಯ ಬೇಗ ಮುಗಿಯುತ್ತದೆ. ಪಿಂಗಾಣಿ ತಟ್ಟೆ, ಬಟ್ಟೆಯ ಮೇಜುಹಾಸು, ಸಾವಧಾನದ ಬಡಿಸುವಿಕೆ ಎಲ್ಲ ಇವೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ಜೈನರು ಮುಂಚಿತವಾಗಿ ಹೇಳಿಡಬೇಕು. ಮೇಲೆ ಗಾಳಿ ಒಣ, ಒತ್ತಡ ಕಡಿಮೆ. ನಾಲಿಗೆಗೆ ಉಪ್ಪೂ ಸಿಹಿಯೂ ಅರ್ಧಂಬರ್ಧ ತಟ್ಟುತ್ತವೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಹೊರಟವರಿಗೆ ಆ ಎತ್ತರದ ಯಾವ ಅಡುಗೆಯೂ ಸಮನಾಗದು, ಅದು ಅಡುಗೆಯವರ ತಪ್ಪೂ ಅಲ್ಲ.

ಮೇಲಂತಸ್ತಿನ ಕಟ್ಟಕಡೆಯಲ್ಲಿ ಲೌಂಜ್ ಇದೆ. ಅರ್ಧಚಂದ್ರಾಕಾರದ ಕಟ್ಟೆ, ಅದರ ಹಿಂದೆ ಬಾಟಲಿಗಳು, ಸುತ್ತ ಸೋಫಾ. ಜಾಹೀರಾತುಗಳಲ್ಲಿ ಎ380 ಎಂದರೆ ಈ ಮೂಲೆಯೇ. ಹದಿನಾಲ್ಕು ಗಂಟೆಯ ದಾರಿಯಲ್ಲಿ ಕಾಲು ಸಡಿಲಿಸಿ ನಿಂತು ಮಾತಾಡಲು ಇದು ಒಳ್ಳೆಯ ಜಗಲಿ. ಬೆಳಗಿನ ಜಾವದ ನಾಲ್ಕು ಗಂಟೆಯ ದಾರಿಯಲ್ಲಿ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಹಿಂದಿನ ಸಾಲುಗಳಲ್ಲಿ ಮಲಗಿದವರಿಗೆ ಗದ್ದಲ ಮಾತ್ರ ಉಚಿತ. ಹೆಸರುವಾಸಿಯಾದ ಸ್ನಾನದ ಮನೆಗಳು ಮೂಗಿನ ತುದಿಯಲ್ಲಿವೆ, ಫಸ್ಟ್ ಕ್ಲಾಸಿನ ಹದಿನಾಲ್ಕು ಜನರಿಗಷ್ಟೇ ಮೀಸಲು. ಬಿಸಿನೆಸ್ ಟಿಕೆಟು ಹಿಡಿದು ಸ್ನಾನದ ಕನಸು ಕಾಣುವವರಿಗೆ ಪರದೆ ಅಡ್ಡ.

ಇನ್ನು ಆನೆ. ಎ380ರ ನಿಜವಾದ ಹೆಚ್ಚುಗಾರಿಕೆ ಅದರ ಮೌನ. ಲಂಡನ್ನಿನಂಥ ನಿಲ್ದಾಣಗಳ ರಾತ್ರಿಯ ಸದ್ದಿನ ಮಿತಿಗೆ ಒಗ್ಗುವಂತೆ ಎಂಜಿನ್‌ಗಳನ್ನು ರೂಪಿಸಿದ್ದರ ಫಲ ಒಳಗೆ ಕೂತವರ ಕಿವಿಗೂ ತಲುಪಿತು. ಸೇವೆಗೆ ಬಂದ ಹೊಸತರಲ್ಲಿ ಎಮಿರೇಟ್ಸ್ ಪೈಲಟ್‌ಗಳ ದೂರು ವಿಚಿತ್ರವಾಗಿತ್ತು: ಎಂಜಿನ್ ಸದ್ದು ಎಷ್ಟು ಕಡಿಮೆಯೆಂದರೆ ವಿಶ್ರಾಂತಿ ಕೋಣೆಯಲ್ಲಿ ಮಲಗಿದವರಿಗೆ ಪ್ರಯಾಣಿಕರ ಮಕ್ಕಳ ಅಳು, ಶೌಚಾಲಯದ ಸದ್ದು ಎಲ್ಲ ಕೇಳಿ ನಿದ್ದೆ ಬರುವುದಿಲ್ಲ ಎಂದು. ಜೊತೆಗೆ ಆ ಮೈತೂಕ. ಸಣ್ಣ ವಿಮಾನವನ್ನು ಎತ್ತಿ ಕುಕ್ಕುವ ಗಾಳಿಯ ಹೊಡೆತಕ್ಕೆ ಇದು ದೊಡ್ಡ ಹಡಗಿನ ಹಾಗೆ ನಿಧಾನವಾಗಿ ಮೈ ಒಲೆಯುತ್ತದೆ. ರನ್‌ವೇ ಬಿಡುವಾಗ ಬೆನ್ನಿಗೆ ಒದ್ದ ಹಾಗೆ ಅನ್ನಿಸುವುದಿಲ್ಲ. ನೆಲ ತಾನಾಗಿ ಕೆಳಗೆ ಸರಿದಂತೆ ಇರುತ್ತದೆ.

ಆದರೆ ಈ ಸುಖಕ್ಕೆ ದರ್ಜೆಯಿಲ್ಲ. ಕೆಳಗಿನ 394 ಜನರೂ ಅದೇ ಎಂಜಿನ್, ಅದೇ ರೆಕ್ಕೆಯ ಆಸರೆಯಲ್ಲಿ ಹೋಗುತ್ತಾರೆ. ಮೇಲಿನವರಿಗೆ ಸಿಗುವ ಹೆಚ್ಚುವರಿಯೆಂದರೆ ಜನಸಂದಣಿ ಇಲ್ಲದ ನಿಶ್ಶಬ್ದ: ಹೆಚ್ಚುಕಡಿಮೆ ಅಷ್ಟೇ ಉದ್ದದ ಅಂತಸ್ತಿನಲ್ಲಿ 394ರ ಬದಲು 90 ಜನ. ಹತ್ತುವುದಕ್ಕೆ ಬೇರೆ ಏರೋಬ್ರಿಜ್, ಸಾಲಿನಲ್ಲಿ ಕಾಯುವ ಹೊತ್ತು ಕಡಿಮೆ. ಟೆಂಟಿನಲ್ಲಿ ಕುರ್ಚಿಯವರು ಹಿಂತಿರುಗಿ ನೋಡಿದರೆ ನೆಲದವರು ಕಾಣುತ್ತಿದ್ದರು, ಅವರ ಶಿಳ್ಳೆ ಕೇಳುತ್ತಿತ್ತು. ಇಲ್ಲಿ ಒಂದೇ ವಿಮಾನದಲ್ಲಿ ಬಂದವರು ದುಬೈನಲ್ಲಿ ಲಗೇಜಿನ ಪಟ್ಟಿಯ ಮುಂದೆ ನಿಂತಾಗಲೇ ಒಬ್ಬರನ್ನೊಬ್ಬರು ಕಾಣುವುದು.

ದರ್ಜೆಯ ಈ ಹುಚ್ಚು ಮನುಷ್ಯರದ್ದಷ್ಟೇ ಎಂದು ತಿಳಿಯಬೇಕಿಲ್ಲ. ಟಿಪ್ಪುವಿನ ಕಾಲದ ಅಶ್ವಶಾಲೆಯ ಪರಂಪರೆ ಹೇಳಿಕೊಳ್ಳುವ ಕುಣಿಗಲ್ ಸ್ಟಡ್ ಫಾರ್ಮಿನ ಜಾತಿಯ ರೇಸ್ ಕುದುರೆಗಳು ಜಗತ್ತಿನಲ್ಲಿ ಒಂದು ಖಂಡದಿಂದ ಇನ್ನೊಂದಕ್ಕೆ ಹೋಗುವುದು ಸರಕು ವಿಮಾನದ ಪೆಟ್ಟಿಗೆಗಳಲ್ಲಿ. ಒಂದು ಪೆಟ್ಟಿಗೆಗೆ ಮೂರು ಕುದುರೆ ನಿಲ್ಲಿಸಿದರೆ ಎಕಾನಮಿ, ಎರಡಾದರೆ ಬಿಸಿನೆಸ್, ಒಂದೇ ಆದರೆ ಫಸ್ಟ್ ಎಂದು ಆ ಕಸುಬಿನವರು ಕರೆಯುತ್ತಾರೆ. ಕುದುರೆಗೆ ಕೊಡುವುದು ಅಗಲ. ಮನುಷ್ಯರಿಗಿಂತ ಅದರ ವ್ಯಾಪಾರ ನೇರವಾಗಿದೆ.

ಹಾಗಾದರೆ ಈ ಟಿಕೆಟು ಯಾರಿಗೆ ಸಲ್ಲುತ್ತದೆ? ದುಬೈನಲ್ಲೇ ಇಳಿದುಬಿಡುವವರಿಗೆ ಅಲ್ಲ ಎಂದು ಹೇಳಿಬಿಡಬಹುದು. ತುಮಕೂರಿನ ಬಡಾವಣೆಗಳಿಂದ, ಗುಬ್ಬಿಯ ತೋಟದ ಮನೆಗಳಿಂದ ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೋ ಮೊಮ್ಮಗನ ಹುಟ್ಟುಹಬ್ಬಕ್ಕೋ ಹೊರಟ ಅರವತ್ತು ದಾಟಿದ ದಂಪತಿಗಳ ಲೆಕ್ಕ ಬೇರೆ. ಅವರು ಊರು ಬಿಡುವುದೇ ರಾತ್ರಿ ಊಟ ಮುಗಿಸಿ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ, ಕುಣಿಗಲ್ಲಿನವರಾದರೆ ನೆಲಮಂಗಲದ ದಾರಿ ಹಿಡಿದು, ನಿಲ್ದಾಣ ಮುಟ್ಟುವಾಗ ನಡುರಾತ್ರಿ. (ಕೆಂಪೇಗೌಡರ ಹುತ್ರಿದುರ್ಗದ ಕೋಟೆ ಕುಣಿಗಲ್ ತಾಲ್ಲೂಕಿನಲ್ಲೇ ಇರುವುದರಿಂದ ಕೆಂಪೇಗೌಡರ ಹೆಸರಿನ ನಿಲ್ದಾಣ ಅವರಿಗೆ ಅರ್ಧ ಸ್ವಂತದ್ದು.) ನಾಲ್ಕು ಗಂಟೆಯವರೆಗೆ ಕಬ್ಬಿಣದ ಕುರ್ಚಿಯಲ್ಲಿ ತೂಕಡಿಸುವ ಬದಲು ನಿಲ್ದಾಣದ ಲೌಂಜಿನ ಸೋಫಾ ಸಿಗುತ್ತದೆ. ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮತ್ತೆ ಸುಮಾರು ಹದಿನಾರು ಗಂಟೆ. ಮಂಡಿನೋವಿನವರಿಗೆ, ಕಾಲು ಊದಿಕೊಳ್ಳುವವರಿಗೆ ಆ ಹದಿನಾರು ಗಂಟೆಯಲ್ಲಿ ಮಂಚ ಭೋಗವಲ್ಲ, ಔಷಧ. ಮೊದಲ ಹಾರಾಟವನ್ನು ಎಕಾನಮಿಯಲ್ಲಿ ಕಳೆದು ಎರಡನೆಯದಕ್ಕಷ್ಟೇ ಮೇಲಂತಸ್ತು ಹಿಡಿಯುವುದು ಜಾಣತನ. ಆದರೆ ಟಿಕೆಟಿನ ದರಪಟ್ಟಿ ಹಾಗೆ ಬಿಡಿಬಿಡಿಯಾಗಿ ಕೊಳ್ಳುವವರಿಗೆ ಒಲಿಯುವುದು ಅಪರೂಪ.

ಲಗೇಜಿನಲ್ಲೂ ಲಾಭವಿದೆ. ಅಮೆರಿಕದ ದಾರಿಯಲ್ಲಿ ಎಕಾನಮಿಯ ಎರಡು ಪೆಟ್ಟಿಗೆಗೆ ತಲಾ 23 ಕಿಲೋ, ಬಿಸಿನೆಸ್‌ನವರಿಗೆ ತಲಾ 32. ಆ ಹದಿನೆಂಟು ಕಿಲೋ ಹೆಚ್ಚುವರಿಯಲ್ಲಿ ರಾಗಿ ಹುರಿಹಿಟ್ಟು, ಚಟ್ನಿಪುಡಿ, ಹಪ್ಪಳ, ಹುಣಿಸೆತೊಕ್ಕು ಎಲ್ಲ ಹಿಡಿಯುತ್ತವೆ. ಹಿಡಿಯದ್ದು ಒಂದೇ, ಅದೂ ಈ ಜಿಲ್ಲೆಯ ಹೆಮ್ಮೆಯದ್ದು: ಒಣ ಕೊಬ್ಬರಿ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದಾದ ಸಾಮಾನುಗಳ ಸಾಲಿಗೆ, ವಾಯುಸಾಗಣೆಯ 4.2ನೇ ಅಪಾಯವರ್ಗಕ್ಕೆ, ಕೊಬ್ಬರಿಯೂ ಸೇರಿದೆ. ಗುಬ್ಬಿ, ತಿಪಟೂರು ಕಡೆಯ ತೋಟದವರು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಕಾಪಾಡಿದ ಗಿಟುಕನ್ನು ಕೌಂಟರಿನಲ್ಲಿ ಪೆಟ್ಟಿಗೆ ಬಿಚ್ಚಿ ತೆಗೆದಿಡಬೇಕಾಗುತ್ತದೆ. ಆ ನಿಯಮಕ್ಕೆ ಮೇಲಂತಸ್ತು, ಕೆಳಂತಸ್ತು ಎಂಬ ಭೇದವಿಲ್ಲ.

ಎ380 ಇನ್ನು ತಯಾರಾಗುವುದಿಲ್ಲ. ನಾಲ್ಕು ಎಂಜಿನ್‌ಗಳ ಇಂಧನದ ಹಸಿವನ್ನು ಹೊರಲಾರದೆ ವಿಮಾನಸಂಸ್ಥೆಗಳು ಎರಡು ಎಂಜಿನ್‌ಗಳ ವಿಮಾನಗಳತ್ತ ಹೊರಳಿದವು. 2019ರ ಫೆಬ್ರುವರಿಯಲ್ಲಿ ಏರ್‌ಬಸ್ ನಿಲುಗಡೆ ಘೋಷಿಸಿತು. 251ನೆಯದೂ ಕೊನೆಯದೂ ಆದ ವಿಮಾನ 2021ರ ಡಿಸೆಂಬರಿನಲ್ಲಿ ಎಮಿರೇಟ್ಸ್ ಕೈಸೇರಿತು. ಇರುವುದನ್ನೇ ದುರಸ್ತಿ ಮಾಡಿ ಹಾರಿಸಬೇಕು. 2022ರ ಕೊನೆಗೆ ಶುರುವಾದ ಒಳಾಂಗಣ ನವೀಕರಣದಲ್ಲಿ ಬಿಸಿನೆಸ್ ಕ್ಲಾಸಿನ ಸೀಟುಗಳಿಗೆ ಕೆನೆಬಣ್ಣದ ಚರ್ಮ ಬಂತು, ಮರದ ಹೊದಿಕೆ ಬದಲಾಯಿತು, ರತ್ನಗಂಬಳಿ ಹೊಸದಾಯಿತು. ಜೋಡಣೆ ಹಳೆಯದೇ, ಅಗಲವೂ ಅದೇ ಹದಿನೆಂಟೂವರೆ ಅಂಗುಲ.